ಅಪ್ಪನ ಪಿಸ್ತೂಲು, ಅವನ ಸಹಿ

"ಕೆಳಗ ಇಡ್ರಿ! ಮೊದಲ ಅದನ್ನ ಟೇಬಲ್ ಮ್ಯಾಲೆ ಇಡ್ರಿ!"

ಆ ಕೂಗಿಗೆ ಹೇಮಾ ಬೆಚ್ಚಿ ಕೈಯಲ್ಲಿದ್ದುದನ್ನು ಟೇಬಲ್ ಮೇಲೆ ಇಟ್ಟಳು. ವ್ಯಾನಿಟಿ ಬ್ಯಾಗಿನಿಂದ ಅಪ್ಪನ ಪಿಸ್ತೂಲನ್ನು ಹೊರಗೆ ತೆಗೆದು, "ಇದರಾಗ ಗುರಿ ಹೊಡಿಯಾಕ ಕಲಿಸ್ತೀರೇನ್ರಿ?" ಎಂದು ಕೇಳಿದ್ದಳು, ಅಷ್ಟೇ. ಅದರ ಮೂತಿ ಎದುರಿಗೆ ನಿಂತವನ ಎದೆಗೇ ನೆಟ್ಟಗೆ ತಿರುಗಿದೆ ಎನ್ನುವುದು ಅವಳ ಗಮನಕ್ಕೇ ಬಂದಿರಲಿಲ್ಲ!

"ಖಾಲಿ ಐತ್ರಿ ಅದು..." ಎಂದಳು ತೊದಲುತ್ತಾ.

ಅವನು ಅದನ್ನು ಎತ್ತಿಕೊಂಡ. ಪಿಸ್ತೂಲನ್ನು ಗೋಡೆಯ ಕಡೆ ತಿರುಗಿಸಿ ಮ್ಯಾಗಜೀನ್ ತೆಗೆದ. ಮೇಲಿನ ಸ್ಲೈಡನ್ನು ಹಿಂದಕ್ಕೆ ಎಳೆದ. ಟಣ್ ಎಂದು ಹಿತ್ತಾಳೆಯ ಗುಂಡೊಂದು ನೆಲಕ್ಕೆ ಬಿದ್ದು ಹೇಮಾಳ ಚಪ್ಪಲಿಯ ಹತ್ತಿರ ಉರುಳಿ ನಿಂತಿತು.

ತನ್ನೂರು ದುಂಡಸಿಯಿಂದ ಶಿಗ್ಗಾಂವಿಯವರೆಗೆ, ತುಂಬಿದ ಬಸ್ಸಿನಲ್ಲಿ, ಒಬ್ಬ ಬಾಣಂತಿಯ ಪಕ್ಕ ಕುಳಿತು ಇದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದಳು ಅವಳು! ಅಲ್ಲೇ ಇದ್ದ ಬೆಂಚಿನ ಮೇಲೆ ಕುಸಿದಳು.

ಅವನೇ ಲೋಹಿತ. ಬಂಕಾಪುರದ ಕಡೆ ಹೋಗುವ ರಸ್ತೆಯ ಹಳೆಯ ಹತ್ತಿ ಗೋದಾಮನ್ನು ಬಾಡಿಗೆಗೆ ಹಿಡಿದು ಶೂಟಿಂಗ್ ರೇಂಜ್ ಮಾಡಿಕೊಂಡವನು. ಒಂದು ಕಾಲಕ್ಕೆ ರಾಜ್ಯಮಟ್ಟದಲ್ಲಿ ಪದಕ ಗೆದ್ದವನು, ಈಗ ಹತ್ತು ಹನ್ನೆರಡು ಮಂದಿಗೆ ಕಲಿಸುತ್ತಾನೆ.

"ಯಾರದಿದು?" ಎಂದು ಕೇಳಿದ. ಈಗ ದನಿ ತಗ್ಗಿತ್ತು.

"ನಮ್ಮಪ್ಪಂದು. ಮಿಲ್ಟ್ರಿಯಾಗ ಹವಾಲ್ದಾರ ಇದ್ರು. ರಿಟೈರ್ ಆದ ಮ್ಯಾಲೆ ಲೈಸೆನ್ಸ್ ಮಾಡಿಸಿ ತಗೊಂಡಿದ್ರು. ಆರು ತಿಂಗಳಾತು, ಹಾರ್ಟ್ ಅಟ್ಯಾಕ್ ಆಗಿ..." ಎನ್ನುತ್ತಲೇ ಅತ್ತುಬಿಟ್ಟಳು.

ಲೋಹಿತ ನೀರಿನ ಬಾಟಲಿ ಕೊಟ್ಟ. ಅವಳು ಕುಡಿದು ಮುಗಿಸಿದ ಮೇಲೆ ಹೇಳಿದ.

"ನೋಡ್ರಿ, ಲೈಸೆನ್ಸ್ ಇದ್ದವ್ರು ತೀರಿಕೊಂಡ ಮ್ಯಾಲೆ ಇದನ್ನ ಮನ್ಯಾಗ ಇಡಾಂಗಿಲ್ಲ. ನಾಳೆನ ಹೋಗಿ ಠಾಣೇದಾಗ ಜಮಾ ಮಾಡ್ರಿ. ನಿಮ್ಮ ಹೆಸರಿಗೆ ಲೈಸೆನ್ಸ್ ಆದ ಮ್ಯಾಲೆ ನಿಮ್ಗ ಸಿಗತೈತಿ. ಕಲಿಯೂದು ಇದರಾಗ ಅಲ್ಲ, ಏರ್ ಪಿಸ್ತೂಲಿನಾಗ. ಅದಕ್ಕ ಲೈಸೆನ್ಸ್ ಬೇಕಾಗಿಲ್ಲ. ಜಮಾ ಮಾಡಿ ಬರ್ರಿ, ನಾ ಕಲಸ್ತೇನಿ."

ಎರಡು ದಿನ ಬಿಟ್ಟು ಅವಳು ಮತ್ತೆ ಬಂದಳು.

"ಜಮಾ ಮಾಡಿದ್ರ್ಯಾ?"

"ಹೂಂ... ಮಾಡೇನ್ರಿ."

ಸುಳ್ಳು! ಪಿಸ್ತೂಲು ಮನೆಯ ಟ್ರಂಕಿನಲ್ಲಿ ಅಪ್ಪನ ಸ್ವೆಟರಿನೊಳಗೆ ಬೆಚ್ಚಗೆ ಮಲಗಿತ್ತು. ಜಮಾ ಮಾಡೋಣ ಎಂದದ್ದಕ್ಕೆ ಅವ್ವ ಸುಶೀಲವ್ವ ಗೋಳೋ ಎಂದು ಅತ್ತಿದ್ದಳು. "ದಸರಾ ಖಂಡೇಪೂಜಿ ಮುಗೀಲಿ ತಂಗಿ. ವರ್ಷಾ ವರ್ಷಾ ನಿಮ್ಮಪ್ಪ ದೇವರ ಜಗಲಿ ಮ್ಯಾಲಿಟ್ಟು ಪೂಜಿ ಮಾಡ್ತಿದ್ದ. ಇದೊಂದು ವರ್ಷ ಇರ್ಲಿ..." ನಿಜ ಹೇಳಬೇಕೆಂದರೆ ಹೇಮಾಳಿಗೂ ಅದೇ ಬೇಕಾಗಿತ್ತು. ಒಮ್ಮೆ ಠಾಣೆಗೆ ಹೋದದ್ದು ತಿರುಗಿ ಬರುತ್ತದೆ ಎಂಬ ನಂಬಿಕೆ ಅವಳಿಗಿರಲಿಲ್ಲ. ಅಪ್ಪನಂತೂ ತಿರುಗಿ ಬರಲಿಲ್ಲವಲ್ಲ.

ಹೀಗೆ ಸುಳ್ಳಿನ ಮೇಲೆ ಶುರುವಾಯಿತು ಕಲಿಕೆ.

ಹೇಮಾ ಶಿಗ್ಗಾಂವಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಸಂಜೆ ಐದಕ್ಕೆ ಕೆಲಸ ಮುಗಿಸಿ ರೇಂಜಿಗೆ ಬರುತ್ತಿದ್ದಳು. ಮೊದಲ ಹದಿನೈದು ದಿನ ಅವನು ಒಂದೇ ಒಂದು ಪೆಲೆಟ್ ಗುಂಡು ಕೊಡಲಿಲ್ಲ! ನೀರು ತುಂಬಿದ ಬಾಟಲಿಯನ್ನು ಬಲಗೈಯಲ್ಲಿ ಚಾಚಿ ಹಿಡಿಯಬೇಕು, ಎಡಗೈ ಜೇಬಿನಲ್ಲಿ ಇರಬೇಕು. ಆಮೇಲೆ ಖಾಲಿ ಪಿಸ್ತೂಲು ಹಿಡಿದು ಬಿಳಿ ಗೋಡೆಗೆ ಗುರಿ.

"ಬರೇ ಗ್ವಾಡಿಗೆ ಎಷ್ಟ ದಿನಾ ಹೊಡಿಬೇಕ್ರಿ?"

"ಗ್ವಾಡಿಗೆ ನಿಮ್ಮನ್ನ ನೋಡಿ ಬ್ಯಾಸರ ಆಗೂತನಕ."

ಅವಳಿಗೆ ನಗು ತಡೆಯಲಾಗಲಿಲ್ಲ. ಅಪ್ಪ ಹೋದ ಮೇಲೆ ಅದೇ ಮೊದಲು ನಕ್ಕದ್ದು.

ಹತ್ತು ಮೀಟರ್ ದೂರದ ಕಾಗದದ ಮೇಲಿನ ಕಪ್ಪು ವೃತ್ತ ಅವಳ ಕಣ್ಣನ್ನು ಎಳೆದುಕೊಳ್ಳುತ್ತಿತ್ತು. "ಅದನ್ನ ನೋಡಬ್ಯಾಡ್ರಿ, ಅದು ಮಸುಕ ಕಂಡ್ರೂ ನಡಿತೈತಿ. ಪಿಸ್ತೂಲಿನ ತುದಿ ಮ್ಯಾಗಿನ ಈ ಸಣ್ಣ ಮೊಳಿ ಐತಲ್ಲ, ಇದು ಚೊಕ್ಕ ಕಾಣಬೇಕು. ಟ್ರಿಗರ್ ಕುದುರಿ ಎಳಿಯೂದಲ್ಲ, ಮೆಲ್ಲಕ ಒತ್ತೂದು. ಯಾವಾಗ ಹಾರಿತು ಅಂತ ನಿಮ್ಗೂ ತಿಳೀಬಾರದು" ಎನ್ನುತ್ತಿದ್ದ ಲೋಹಿತ. ಮಗುವಿನ ನರ ಹುಡುಕಿ ಸೂಜಿ ಚುಚ್ಚುವ ಕೈ ಅವಳದು. ಬೇಗ ಹಿಡಿತಕ್ಕೆ ಬಂತು. ಎರಡು ತಿಂಗಳಿಗೆ ಹತ್ತರಲ್ಲಿ ಆರು ಪೆಲೆಟ್ ಕಪ್ಪಿನೊಳಗೆ ಕೂರತೊಡಗಿದವು. ದಸರೆ ಮುಗಿದ ಮೇಲೆ ಹುಬ್ಬಳ್ಳಿಯಲ್ಲಿ ನಡೆಯುವ ಸ್ಪರ್ಧೆಗೆ ಲೋಹಿತ ಅವಳ ಹೆಸರು ಕಳಿಸಿದ.

"ಎರಡ ಮೂರು ಕಡೆ ಚಲೋ ಹೊಡದ್ರಿ ಅಂದ್ರ ಆಟಗಾರ್ತಿ ಅಂತ ನಿಮ್ಮ ಅರ್ಜಿಗೆ ತೂಕ ಬರತೈತಿ. ಅಪ್ಪಾರ ಪಿಸ್ತೂಲು ನಿಮ್ಮ ಹೆಸರಿಗೆ ಆಗತೈತಿ. ನಾ ಜೋಡಿ ಓಡಾಡ್ತೇನಿ."

ಎಷ್ಟು ನಂಬಿದ್ದ ಅವನು! ಆ ಸಂಜೆ ಬಸ್ಸಿನಲ್ಲಿ ಕುಳಿತ ಹೇಮಾಳಿಗೆ ಎರಡು ಸಂಗತಿ ಒಟ್ಟಿಗೇ ಅರ್ಥವಾದವು. ಲೋಹಿತನೆಂದರೆ ತನಗೆ ಜೀವ. ಮತ್ತು ಆ ಜೀವಕ್ಕೆ ತಾನು ದಿನವೂ ಸುಳ್ಳು ಹೇಳುತ್ತಿದ್ದೇನೆ. 'ಹಬ್ಬ ಆಗ್ಲಿ, ಮರುದಿನಾನ ಒಯ್ದು ಕೊಡ್ತೇನಿ, ಆಮ್ಯಾಲೆ ಎಲ್ಲಾ ಹೇಳ್ತೇನಿ' ಎಂದು ತನಗೆ ತಾನೇ ಮಾತು ಕೊಟ್ಟುಕೊಂಡಳು.

ಹಬ್ಬ ಬಂತು. ಕುಡುಗೋಲು, ಈಳಿಗೆಮಣೆ, ಹೊಲಿಗೆ ಮಷಿನ್ನಿನ ಕತ್ತರಿ, ಎಲ್ಲದರ ನಡುವೆ ಅಪ್ಪನ ಪಿಸ್ತೂಲು. ಸುಶೀಲವ್ವ ವಿಭೂತಿ ಬಳಿದು, ಕುಂಕುಮ ಹಚ್ಚಿ, ಚೆಂಡು ಹೂ ಏರಿಸಿ ಆರತಿ ಎತ್ತಿದಳು. ಹೇಮಾಳ ಕಣ್ಣು ತುಂಬಿ ಬಂದವು. ಆ ತುಂಬಿದ ಕಣ್ಣಿನಲ್ಲೇ ಫೋನ್ ತೆಗೆದು ಒಂದು ಫೋಟೋ ಹೊಡೆದಳು. ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದಳು. 'ಅಪ್ಪ ಇಲ್ಲದ ಮೊದಲ ಖಂಡೇಪೂಜೆ' ಎಂದು ಬರೆದಳು.

ಬುದ್ಧಿವಂತ ಹುಡುಗಿಯೇ. ಆದರೆ ದುಃಖ ಬಂದಾಗ ಬುದ್ಧಿ ಎಲ್ಲಿರುತ್ತದೆ ಹೇಳಿ?

ಮಧ್ಯಾಹ್ನ ಹೋಳಿಗೆ ಊಟಕ್ಕೆ ಕೂರುವ ಹೊತ್ತಿಗೆ ಪೊಲೀಸ್ ಜೀಪು ಬಾಗಿಲಿಗೆ ಬಂತು. ಕುಂಕುಮ ಹಚ್ಚಿಕೊಂಡಿದ್ದ ಪಿಸ್ತೂಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು, "ನಾಳೆ ಮುಂಜಾನೆ ಠಾಣೆಗೆ ಬರ್ರಿ" ಎಂದು ಹೇಳಿ ಹೋದರು. ಓಣಿಗೆ ಓಣಿಯೇ ಬಾಗಿಲಲ್ಲಿ ನಿಂತು ನೋಡಿತು.

ಯಾರು ಹೇಳಿದ್ದು? ಪಿಸ್ತೂಲಿನ ಸಂಗತಿ ಹೊರಗಿನವರಲ್ಲಿ ಯಾರಿಗೆ ಗೊತ್ತಿತ್ತು? ಒಬ್ಬನಿಗೆ ಮಾತ್ರ... ತಾನು ಜಮಾ ಮಾಡಿಲ್ಲವೆಂದು ಅವನಿಗೆ ಹೇಗೋ ತಿಳಿದಿತ್ತೇ? 'ಛೇ! ಅವ್ರು ಹಂಗ ಮಾಡೂದಿಲ್ಲ' ಎಂದುಕೊಂಡಳು. ನಡೆದದ್ದನ್ನೆಲ್ಲ ಅವನಿಗೆ ಮೆಸೇಜು ಮಾಡಿದಳು. ಅವನು ಓದಿದ. ಉತ್ತರ ಮಾತ್ರ ಬರಲಿಲ್ಲ.

ಮರುದಿನ ಠಾಣೆಯ ಮೆಟ್ಟಿಲು ಹತ್ತಿದರೆ ಕಂಡದ್ದೇನು? ಎಎಸ್‌ಐ ಬಾಬಾಜಾನರ ಎದುರು ಕುರ್ಚಿಯಲ್ಲಿ ಲೋಹಿತ ಕುಳಿತಿದ್ದಾನೆ! ಕಾಗದಕ್ಕೆ ಸಹಿ ಹಾಕುತ್ತಿದ್ದಾನೆ!

ಅವಳ ಮೈ ಉರಿದುಹೋಯಿತು.

"ನಿನ್ನಿ ಹೇಳಿದ್ದು ಸಾಲಲಿಲ್ಲೇನ್ರಿ? ಇವತ್ತ ಬಂದು ಸಹಿನೂ ಮಾಡಬೇಕಾತ? ನಮ್ಮಪ್ಪ ಸತ್ತಾಗ ಇಷ್ಟ ಮರ್ಯಾದಿ ಹೋಗಿರ್ಲಿಲ್ಲ ನಮ್ದು! ಕಲಸ್ತೇನಿ ಕಲಸ್ತೇನಿ ಅಂತ ಬಗಲಾಗ ನಿಂತು ಚಾಡಿ ಹೇಳಿದ್ರಲ್ಲ... ಇನ್ನ ನಿಮ್ಮ ಮಾರಿ ನೋಡಿದ್ರ ನಾ ನಮ್ಮಪ್ಪನ ಮಗಳ ಅಲ್ಲ!"

ಲೋಹಿತನ ಮುಖ ಬಿಳಿಚಿಕೊಂಡಿತು. ಏನೋ ಹೇಳಲು ಬಾಯಿ ತೆರೆದ. ಮೇಜಿನ ಮೇಲಿನ ಕಾಗದ ನೋಡಿದ. ಬಾಯಿ ಮುಚ್ಚಿಕೊಂಡು ಹೊರಗೆ ನಡೆದುಬಿಟ್ಟ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದನ್ನು ಹಿರಿಯರು ಸುಮ್ಮನೆ ಹೇಳಲಿಲ್ಲ.

ಬಾಬಾಜಾನರು ಕನ್ನಡಕ ತೆಗೆದಿಟ್ಟರು. "ಆ ಹುಡುಗ ಚಾಡಿ ಹೇಳ್ಯಾನ ಅಂತ ನಿಂಗ ಯಾರ ಹೇಳಿದ್ರವಾ?"

"ಮತ್ತ್ಯಾರ್ರಿ ಸರ್? ಅವ್ರಿಗೊಬ್ರಿಗೇ ಗೊತ್ತಿತ್ತು!"

ಅವರು ತಮ್ಮ ಫೋನನ್ನು ಅವಳ ಕಡೆ ತಿರುಗಿಸಿದರು. ಜಗಲಿ, ಚೆಂಡು ಹೂ, ಪಿಸ್ತೂಲು. ಕೆಳಗೆ ಅವಳದೇ ಅಕ್ಷರ, ಅವಳದೇ ಹೆಸರು.

"ನಿನ್ನ ಸ್ಟೇಟಸ್ ಎಷ್ಟ ಮಂದಿ ನೋಡ್ತಾರ, ಅದರಾಗ ಯಾರ ನಮಗ ಕಳಸ್ತಾರ, ನಿಂಗ ಹೆಂಗ ಗೊತ್ತಾಗಬೇಕು? ಡಂಗುರಾ ಹೊಡದಾಕಿ ನೀನ ಐದಿ."

ಹೇಮಾಳಿಗೆ ನೆಲ ಬಿರಿಯಬಾರದೆ ಅನ್ನಿಸಿತು.

"ಮತ್ತ... ಅವ್ರು ಯಾಕ ಬಂದಿದ್ರು ಸರ್?"

ಬಾಬಾಜಾನರು ಕಾಗದ ಎತ್ತಿ ಓದಿದರು. 'ಎರಡು ತಿಂಗಳ ಹಿಂದೆಯೇ ಹೇಮಾ ಪಿಸ್ತೂಲನ್ನು ಜಮಾ ಮಾಡಲು ಹೊರಟಿದ್ದಳು. ಹಬ್ಬದವರೆಗೆ ಮನೆಯಲ್ಲೇ ಇರಲಿ ಎಂದು ತಡೆದವನು ನಾನು. ಕಾಯ್ದೆ ಗೊತ್ತಿದ್ದೂ ತಪ್ಪು ಸಲಹೆ ಕೊಟ್ಟದ್ದು ನನ್ನದೇ ತಪ್ಪು, ಆಕೆಯದಲ್ಲ...' ಕೆಳಗೆ ಲೋಹಿತನ ಸಹಿ. ಶಾಯಿ ಇನ್ನೂ ಹಸಿ ಇತ್ತು.

"ಇದು ಸಾಹೇಬ್ರ ಕೈಗೆ ಹೋತಂದ್ರ ನೀ ಹಗೂರಾಗಿ ಪಾರಾಕ್ಕಿ. ಅವನ ರೇಂಜಿಗೆ ಬೀಗಾ ಬೀಳತೈತಿ, ಅವನ ಸ್ವಂತ ಲೈಸೆನ್ಸೂ ಹೋಗತೈತಿ. ನಾ ಹೇಳಿದ್ನಿ ತಮ್ಮಾ ವಿಚಾರ ಮಾಡು ಅಂತ. ಕೇಳಲಿಲ್ಲ."

"ಅದು ಸುಳ್ಳ ಐತ್ರಿ ಸರ್!" ಹೇಮಾ ಮೇಜು ಹಿಡಿದುಕೊಂಡಳು. "ಮೊದಲನೇ ದಿನಾನ ಜಮಾ ಮಾಡ್ರಿ ಅಂದಿದ್ರು ಅವ್ರು. ನಾ ಮಾಡೇನಿ ಅಂತ ಸುಳ್ಳ ಹೇಳಿದ್ನಿ. ನಂಗೊಂದು ಹಾಳಿ ಕೊಡ್ರಿ, ಬರೀತೇನಿ."

"ಬರದ್ರ ಕೇಸ್ ನಿನ್ನ ಮ್ಯಾಲೆ ಆಗತೈತಿ ನೋಡು. ಕೋರ್ಟಿಗೆ ಅಡ್ಡಾಡಬೇಕು. ಕೇಸ್ ಇದ್ದಾಕಿಗೆ ಲೈಸೆನ್ಸ್ ಸಿಗೂದು ಕಷ್ಟ. ಅಪ್ಪನ ಪಿಸ್ತೂಲು ಮತ್ತ ನಿನ್ನ ಕೈಗೆ ಬರ್ತದೋ ಇಲ್ಲೋ..."

ಪಿಸ್ತೂಲು ಪಕ್ಕದ ಮೇಜಿನ ಮೇಲೇ ಇತ್ತು. ವಿಭೂತಿ ಅಳಿಸಿಹೋಗಿತ್ತು. ಹೇಮಾ ಅದನ್ನು ಬಹಳ ಹೊತ್ತು ನೋಡಿದಳು. 'ಅಪ್ಪಾ, ನಿನ್ನ ನೆನಪು ಇಟ್ಕೊಳ್ಳಾಕ ಇನ್ನೊಬ್ಬರ ಬಾಳೇ ಹಾಳ ಮಾಡ್ಲೇನು?' ಒಳಗಿನಿಂದ ಉತ್ತರ ಬರಲು ತಡವಾಗಲಿಲ್ಲ. ಹಾಳೆ ಎಳೆದುಕೊಂಡು ಇದ್ದದ್ದು ಇದ್ದಂತೆ ಬರೆದಳು. ಕೆಳಗೆ ಸಹಿ ಹಾಕಿದಳು.

ಬಾಬಾಜಾನರು ಓದಿ ಉಸಿರುಬಿಟ್ಟರು. "ಎರಡೂ ಹಾಳಿ ಒಂದ ಫೈಲಿನಾಗ ಹ್ಯಾಂಗ ಇಡ್ಲಿ? ಸಾಹೇಬ್ರು ನಾಕಕ್ಕ ಬರ್ತಾರ. ಅಷ್ಟರಾಗ ಅವಾ ಬಂದು ತನ್ನ ಹೇಳಿಕೆ ಹಿಂದ ತಗೋಬೇಕು. ಕರಕೊಂಡ ಬಾ, ಹೋಗು."

ಗೋದಾಮಿನ ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಲೋಹಿತ ಏರ್ ಪಿಸ್ತೂಲುಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಹಾಕುತ್ತಿದ್ದ. ಅವಳ ಹೆಜ್ಜೆ ಸಪ್ಪಳಕ್ಕೂ ತಲೆ ಎತ್ತಲಿಲ್ಲ.

"ಠಾಣೆಗೆ ನಡೀರಿ" ಎಂದಳು ಹೇಮಾ. "ನಾ ಖರೇ ಬರದ ಕೊಟ್ಟೇನಿ. ನಿಮ್ದು ಹಿಂದ ತಗೋರಿ."

ಲೋಹಿತನ ಕೈ ನಿಂತಿತು. "ಹುಚ್ಚ ಹಿಡದೈತೇನು ನಿಮ್ಗ? ಕೇಸ್ ಆಗತೈತಿ! ನಾ ತಗೊಳ್ಳಾಂಗಿಲ್ಲ."

"ಹಂಗಾದ್ರ ಈ ರೇಂಜು? ಇಲ್ಲಿ ಕಲಿಯೂ ಮಂದಿ?"

"ಅದು ನನ್ನ ಹಣೇಬರಾ."

"ಅಲ್ಲ! ನನ್ನ ಸುಳ್ಳು!" ಅಳು ಉಕ್ಕಿ ಬಂತು ಅವಳಿಗೆ. "ಎರಡ ತಿಂಗಳ ದಿನಾ ನಿಮ್ಮ ಮಾರಿ ನೋಡ್ಕೋತ ಸುಳ್ಳ ಹೇಳೇನಿ. ಸ್ಟೇಟಸ್ ಹಾಕಿದಾಕಿ ನಾನು. ನಾಕ ಮಂದಿ ಮುಂದ ನಿಮ್ಮನ್ನ ಹೊಲಸ ಬೈದಾಕಿನೂ ನಾನು. ಆವಾಗರೆ ಬಾಯಿ ಬಿಟ್ಟು ಹೇಳಬೇಕಿತ್ತಲ್ರಿ, ನಾ ಹೇಳಿಲ್ಲ ಅಂತ!"

"ಹೇಳಿದ್ರ ನನ್ನ ಸಹಿ ಸುಳ್ಳಾಕಿತ್ತು. ನಿಮ್ಮನ್ನ ಹಿಡೀತಿದ್ರು."

"ಹಿಡೀಲಿ! ನಿಮ್ಗೇನಾಗಬೇಕು ನಾನು?"

ಲೋಹಿತ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟ. ಅವನ ಕಣ್ಣು ಕೆಂಪಗಿದ್ದವು.

"ನೀವು ಜಮಾ ಮಾಡಿಲ್ಲ ಅಂತ ನಿನ್ನೆ ನಿಮ್ಮ ಮೆಸೇಜ್ ಓದಿ ಗೊತ್ತಾತು. ಸಿಟ್ಟ ಬಂತು... ಭಾಳ ಬಂತು. ಉತ್ತರಾ ಬರಿಯಾಕ ಆಗ್ಲಿಲ್ಲ. ಆದ್ರ ಮುಂಜಾನೆ ಎದ್ದ ಕೂಡ್ಲೆ ಕಾಲು ಠಾಣೆ ಕಡೇನ ನಡದ್ವು. ನೀವು ಅಳೂದನ್ನ ಒಮ್ಮೆ ನೋಡೇನಿ ಇದೇ ಬೆಂಚಿನ ಮ್ಯಾಲೆ. ಇನ್ನೊಮ್ಮೆ ನೋಡೂ ಶಕ್ತಿ ನಂಗಿಲ್ಲ, ಹೇಮಾ."

ಹೇಮಾ! ಬರಿಯ ಹೇಮಾ ಎಂದಿದ್ದ. ಅವಳು ಮುಖ ಮುಚ್ಚಿಕೊಂಡು ಬಿಕ್ಕಿದಳು.

"ಈಗ ನೋಡಾಕತ್ತೀರಲ್ಲ... ಇನ್ನೂ ಅಳಸಬ್ಯಾಡ್ರಿ. ನಿಮ್ಮ ಬಾಳ ಮ್ಯಾಲೆ ನಿಂತು ಪಾರಾದ್ರ ನಾ ಒಂದ ದಿನಾನೂ ನೆಟ್ಟಗ ಉಸಿರಾಡೂದಿಲ್ಲ. ಅಪ್ಪನ ಪಿಸ್ತೂಲು ಸಿಗದಿದ್ರ ಸಿಗದಿರ್ಲಿ. ನೀವು... ನೀವು ಸಿಗದಿದ್ರ ನಂಗ ಆಗೂದಿಲ್ಲ."

ಹೊರಗೆ ಟ್ರ್ಯಾಕ್ಟರೊಂದು ಸದ್ದು ಮಾಡುತ್ತಾ ಹೋಯಿತು. ಆಮೇಲೆ ಲೋಹಿತ ಗೂಟದಿಂದ ಬೈಕಿನ ಚಾವಿ ತೆಗೆದುಕೊಂಡ.

"ನಡೀರಿ. ನಾಕ ಆಗೂದ್ರಾಗ ಹೋಗೂಣು. ಆದ್ರ ಕೋರ್ಟಿಗೆ ಒಬ್ಬಾಕಿನ ಹೋಗಾಂಗಿಲ್ಲ. ಎಷ್ಟ ತಾರೀಖ ಬಿದ್ರೂ ಜೋಡಿ ಬರ್ತೇನಿ."

ಅವಳು ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡಳು. "ಮನ್ಯಾಗ ಅವ್ವ ನಿನ್ನಿಯಿಂದ ಒಂದ ಸಮ ಅಳಾಕತ್ತಾಳ್ರಿ. ಠಾಣೆ ಕಂಡ ಹುಡುಗೀನ ಇನ್ನ ಯಾರ ಮದುವಿ ಆಗ್ತಾರ ಅಂತ."

ಲೋಹಿತ ಬಾಗಿಲಲ್ಲಿ ನಿಂತ. ಅವಳ ಕಡೆ ನೋಡದೆ, ಮೆಲ್ಲಗೆ ಹೇಳಿದ.

"ಅವ್ವಾರಿಗೆ ಹೇಳ್ರಿ... ಒಬ್ಬಾಂವ ಅದಾನ ಅಂತ."

"ನಾ ಹೇಳಿದ್ರ ನಂಬೂದಿಲ್ಲ ಆಕಿ. ನಾ ಸುಳ್ಳ ಹೇಳ್ತೇನಿ ಅಂತ ಈಗ ಊರಿಗೆಲ್ಲಾ ಗೊತ್ತಾಗೇತಿ" ಎಂದಳು ಹೇಮಾ, ಅಳುವಿನ ನಡುವೆಯೇ ನಗುತ್ತಾ. "ಇವತ್ತ ದಸರಾ, ಬನ್ನಿ ಎಲಿ ಕೊಟ್ಟು ಬಂಗಾರದಂಗ ಇರೂಣು ಅನ್ನೂ ದಿನಾ ಐತಿ. ಸಂಜಿಗೆ ಬನ್ನಿ ತಗೊಂಡು ನೀವ ಮನಿಗೆ ಬಂದು ಹೇಳ್ರಿ."