ನೀರು ಕೇಳದ ಗಿಡಗಳು

"ಆ ಗುಳಿಯಲ್ಲಿ ನೆಟ್ಟದ್ದಕ್ಕೆ ನೀರು ಹಾಕೋದೇ ಬೇಡ ಮಾರಾಯ. ನಮಗೆ ಹೆದರಿಕೆ ಇರೋದೇ ಅದಕ್ಕೆ."

ದ್ಯಾವಮ್ಮ ಹೀಗೆಂದಾಗ ನಾಗೇಶನಿಗೆ ನಗು ಬಂತು. ಅವನು ಹುಡುಕುತ್ತಿದ್ದದ್ದೇ ಅಂಥದೊಂದು ಜಾಗವನ್ನು.

ಕುದುರೆಮುಖದ ಗಣಿ ನಿಂತು ಎಂಟು ತಿಂಗಳಾಗಿತ್ತು. ಹನ್ನೊಂದು ವರ್ಷ ಅಲ್ಲಿನ ಪಂಪ್‌ಹೌಸಿನಲ್ಲಿ ಆಪರೇಟರ್ ಆಗಿದ್ದವನು ನಾಗೇಶ. ಮೋಟಾರುಗಳ ಮೊರೆತ ನಿಂತ ದಿನದಿಂದ ಅವನಿಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಊಟದ ನಡುವೆ ಎದ್ದು ಅಂಗಳಕ್ಕೆ ಹೋಗುತ್ತಿದ್ದ, ಮಾತಿನ ನಡುವೆ ಎದ್ದು ರಸ್ತೆಗೆ ಹೋಗುತ್ತಿದ್ದ. ಕ್ವಾರ್ಟರ್ಸ್ ಖಾಲಿ ಮಾಡಿ, ಬಸುರಿ ಹೆಂಡತಿ ಧನ್ಯಾಳೊಂದಿಗೆ ಕಳಸದ ಮೇಲಿನ ಗುಡ್ಡಕ್ಕೆ ಬಂದಿದ್ದ. ಅಲ್ಲಿ ಮಂಜಯ್ಯನವರು ತಮ್ಮ ಸಣ್ಣ ಕಾಫಿ ತೋಟದಲ್ಲಿ ರೈಟರ್ ಕೆಲಸವನ್ನೂ, ಬಾವಿಯಿದ್ದ ಒಂದು ಒಂಟಿ ಮನೆಯನ್ನೂ ಕೊಟ್ಟಿದ್ದರು. ಬೆಳಿಗ್ಗೆ ಆಳುಗಳ ಹಾಜರಿ ಬರೆದು ಮುಗಿಸಿದರೆ ಉಳಿದ ದಿನವೆಲ್ಲ ಅವನನ್ನು ಕಚ್ಚಿ ತಿನ್ನುತ್ತಿತ್ತು. ಕಡೂರಿನ ಕಡೆಯ ಹಳೆಯ ಸ್ನೇಹಿತನೊಬ್ಬ ಒಂದು ಹಿಡಿ ಗಾಂಜಾ ಬೀಜ ಕೊಟ್ಟು, ಯಾರೂ ಕಾಲಿಡದ ಜಾಗ ನೋಡಿ ಬೆಳೆಸು, ಮುಂದಿನದು ನನಗೆ ಬಿಡು ಎಂದಿದ್ದ.

ಯಾರೂ ಕಾಲಿಡದ ಜಾಗ ಅವನ ಕಣ್ಣಿಗೆ ಬಿದ್ದಿತ್ತು. ತೋಟದ ಬೇಲಿ ದಾಟಿ, ಕಾಡು ಹಾದು, ಮುಕ್ಕಾಲು ಗಂಟೆ ಹುಲ್ಲುಗುಡ್ಡ ಹತ್ತಿದರೆ ಬೋಗುಣಿಯಂತೆ ಒಳಗೆ ಕುಸಿದ ಒಂದು ಗುಳಿ. ಹತ್ತಿರದಲ್ಲಿ ಹಳ್ಳವಿಲ್ಲ, ಒರತೆಯಿಲ್ಲ, ದಾರಿಯಿಲ್ಲ. ದನಗಳು ಕೂಡ ಅದರ ಅಂಚಿಗೆ ಬಂದು ಮೂಸಿ ಹಿಂದಿರುಗುತ್ತಿದ್ದವು.

ಆ ದನ ಮೇಯಿಸುತ್ತಿದ್ದವಳೇ ದ್ಯಾವಮ್ಮ. ಎಪ್ಪತ್ತು ದಾಟಿದ ಹೆಂಗಸು, ತೋಟದ ಕೆಳಗಿನ ಗುಡಿಸಲಿನಲ್ಲಿ ಒಬ್ಬಳೇ ಇದ್ದಳು. ಗುಳಿಯ ಕತೆಯನ್ನು ಅವಳು ಅವನ ಮುಖ ನೋಡದೆ ಹೇಳಿದಳು. ಅವಳ ಅಪ್ಪನಿಗೂ ದೊಡ್ಡಪ್ಪನಿಗೂ ಗದ್ದೆಯ ನೀರಿಗಾಗಿ ಜಗಳವಿತ್ತಂತೆ. ಅಪ್ಪ ಘಟ್ಟದ ಕೆಳಗಿನಿಂದ ಒಬ್ಬ ಮಂತ್ರವಾದಿಯನ್ನು ಕರೆತಂದು ಅಣ್ಣನ ಮನೆಯ ನೀರು ಕಟ್ಟಿಸಿದ. ಗುಳಿಯ ನಡುವೆ ಒಂದು ಮಣ್ಣಿನ ಕೊಡ ಹೂತು ಮೇಲೊಂದು ಬಳ್ಳಿ ನೆಟ್ಟರು. ಅಣ್ಣನ ಮನೆಯ ಬಾವಿ ಬತ್ತಿತು, ಹಸುವಿನ ಕೆಚ್ಚಲು ಬತ್ತಿತು, ಕೊನೆಗೆ ಬಾಣಂತಿಯ ಎದೆ ಬತ್ತಿತು. ಅಪ್ಪ ಹೆದರಿ ಬಿಡಿಸಲು ಓಡುವಷ್ಟರಲ್ಲಿ ಮಂತ್ರವಾದಿ ಸತ್ತುಹೋಗಿದ್ದ. ಕೊಡ ಇನ್ನೂ ಅಲ್ಲೇ ಇದೆ. ಈಗ ಅದಕ್ಕೆ ಹೆಸರು, ಮನೆ, ಹಗೆ ಯಾವುದೂ ನೆನಪಿಲ್ಲ. ಯಾರು ಅಲ್ಲಿ ನೆಡುತ್ತಾರೋ ಅವರ ಮನೆಯ ನೀರನ್ನು ಬೇರಿನ ದಾರಿಯಲ್ಲಿ ಎಳೆದುಕೊಳ್ಳುತ್ತದೆ.

"ಅಜ್ಜಿ, ಹನ್ನೊಂದು ವರ್ಷ ನೀರೆತ್ತಿದವನು ನಾನು," ಎಂದ ನಾಗೇಶ. "ಪೈಪಿಲ್ಲದೆ ನೀರು ಒಂದು ಗೇಣೂ ಹತ್ತೋದಿಲ್ಲ."

ಮಳೆ ಹಿಂದೆಗೆದ ಮೇಲೆ ಅವನು ಗುಳಿಯಲ್ಲಿ ಬೀಜ ಹಾಕಿದ. ಮೊದಲ ದಿನ ಎರಡು ಕ್ಯಾನು ನೀರನ್ನು ಹೆಗಲ ಮೇಲೆ ಹೊತ್ತು ಹತ್ತಿದವನು, ಮೂರನೆಯ ದಿನ ತುಂಬಿದ ಕ್ಯಾನುಗಳನ್ನು ಹಾಗೆಯೇ ವಾಪಸು ತಂದ. ಸುತ್ತ ಹುಲ್ಲು ಹಳದಿಯಾಗಿ ಸರಸರ ಸದ್ದು ಮಾಡುತ್ತಿತ್ತು, ಗುಳಿಯ ಮಣ್ಣು ಮಾತ್ರ ಬೆರಳಿಗೆ ತಂಪಾಗಿ ಅಂಟುತ್ತಿತ್ತು. ಮಂಜು ಇಂಗಿರಬೇಕು ಎಂದುಕೊಂಡ. ಕಾಫಿ ಹಣ್ಣಾಗುವ ಹೊತ್ತಿಗೆ ಗಿಡಗಳು ಅವನ ಎದೆಮಟ್ಟ ಬಂದಿದ್ದವು. ಅವುಗಳ ಘಾಟು ವಾಸನೆ ಅಂಗಿಗೆ ಹತ್ತಿದರೆ ಎರಡು ದಿನ ಬಿಡುತ್ತಿರಲಿಲ್ಲ.

ದೀಪಾವಳಿಯ ವಾರದಲ್ಲಿ ಧನ್ಯಾಳಿಗೆ ಹೆಣ್ಣುಮಗು ಹುಟ್ಟಿತು. ಗುಂಡುಗುಂಡಗಿನ ಮಗು. ಪುಟ್ಟಿ ಎಂದು ಕರೆದರು. ಮೊದಲ ತಿಂಗಳು ಹಾಲಿಗೆ ಏನೂ ಕೊರತೆಯಿರಲಿಲ್ಲ. ಧನ್ಯಾಳ ರವಿಕೆ ಸದಾ ಒದ್ದೆಯಾಗಿ, ಮನೆಯೆಲ್ಲ ಎದೆಹಾಲಿನ ಸಿಹಿ ವಾಸನೆ ತುಂಬಿರುತ್ತಿತ್ತು.

ಆಮೇಲೆ ಅಂಗಳದ ಬಾವಿ ಇಳಿಯತೊಡಗಿತು. ಈ ವರ್ಷದ ಮಳೆಗೆ ಹೀಗಾಗಬಾರದಿತ್ತಲ್ಲ ಎಂದು ಮಂಜಯ್ಯನವರೇ ಬಂದು ಬಗ್ಗಿ ನೋಡಿ ಹೋದರು. ಅವರ ಬಾವಿಯಲ್ಲಿ ನೀರು ಕೈಗೆ ಸಿಗುವಷ್ಟು ಮೇಲಿತ್ತು. ನಾಗೇಶ ಅಲ್ಲಿಂದ ಹೊತ್ತು ತಂದ. ತಂದು ಮುಚ್ಚಿಟ್ಟ ಕೊಡ ಬೆಳಿಗ್ಗೆ ಅರ್ಧವಾಗಿರುತ್ತಿತ್ತು. ಅವನಿಗೂ ಬಾಯಾರಿಕೆ ಶುರುವಾಯಿತು. ಚೊಂಬು ಚೊಂಬು ಕುಡಿದರೂ ನಾಲಗೆ ಮರದ ಚಕ್ಕೆಯಂತೆ ಬಾಯಲ್ಲಿ ಬಿದ್ದಿರುತ್ತಿತ್ತು. ಧನ್ಯಾಳ ತುಟಿ ಒಡೆಯಿತು. ಹಾಲು ಕಡಿಮೆಯಾಯಿತು. ಒಂದು ಬೆಳಿಗ್ಗೆ ಮಗು ಎದೆ ಕಚ್ಚಿ ಎಳೆದೆಳೆದು ಸೋತು ಬಾಯಿ ಬಿಟ್ಟಾಗ ಅದರ ತುಟಿಯ ಮೇಲೆ ಹಾಲಿನ ಒಂದು ಹನಿಯೂ ಇರಲಿಲ್ಲ.

ಕಳಸದ ಡಾಕ್ಟರು ಡಬ್ಬಿಯ ಹಾಲು ಬರೆದುಕೊಟ್ಟರು. ಮಗು ಕುಡಿಯಿತು. ಆದರೆ ಅದರ ಬಟ್ಟೆ ಇಡೀ ದಿನ ಒದ್ದೆಯಾಗಲಿಲ್ಲ. ನೆತ್ತಿ ಒಳಕ್ಕೆ ಇಳಿಯಿತು. ಎರಡನೆಯ ಸಲ ಹೋದಾಗ ಡಾಕ್ಟರು ನಾಳೆಯೇ ಮಂಗಳೂರಿಗೆ ಒಯ್ಯಿರಿ ಎಂದರು. ಜೀಪಿನಲ್ಲಿ ವಾಪಸು ಬರುವಾಗ ಧನ್ಯಾ ದಾರಿಯುದ್ದಕ್ಕೂ ಮಗುವಿನ ಒಣ ಬಟ್ಟೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಕಾಫಿ ಹಣ್ಣು ಸುಲಿಯುವ ಪಲ್ಪರಿನ ಕಡೆಯಿಂದ ಕೊಳೆತ ಸಿಪ್ಪೆಯ ಹುಳಿ ನಾತ ಬರುತ್ತಿತ್ತು.

ಮನೆಗೆ ಬಂದವನಿಗೆ ಕೂರಲಾಗಲಿಲ್ಲ. ಕಾಲು ತಾನಾಗಿ ಗುಡ್ಡ ಹತ್ತಿತು.

ಗುಳಿ ಕಪ್ಪು ಹಸಿರಾಗಿತ್ತು. ಮೇಲೆ ಒಣ ಗಾಳಿ ಶಿಳ್ಳೆ ಹಾಕುತ್ತಿದ್ದರೂ ಅಲ್ಲಿ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಆದರೂ ಸದ್ದಿತ್ತು. ತೊಟ್ಟಿಲ ಮಗು ನಿದ್ದೆಯಲ್ಲಿ ಚೀಪುವಂಥ, ಚಪ್ಪರಿಸುವಂಥ ಸಣ್ಣ ಸದ್ದು, ಬುಡಬುಡದಿಂದಲೂ. ನಾಗೇಶ ಒಂದು ಕುಡಿ ಮುರಿದ. ಮುರಿದಲ್ಲಿ ಬೆಳ್ಳಗೆ, ಬೆಚ್ಚಗೆ ಒಸರಿತು. ಮೂಸಿ ನೋಡಿದ. ಗಾಂಜಾದ ಘಾಟಲ್ಲ. ಒಂದು ತಿಂಗಳ ಹಿಂದೆ ಧನ್ಯಾಳ ರವಿಕೆಯಿಂದ ಬರುತ್ತಿದ್ದ ವಾಸನೆ.

ಅವನು ಬಿದ್ದು ಎದ್ದು ದ್ಯಾವಮ್ಮನ ಗುಡಿಸಲಿಗೆ ಓಡಿದ. ಏನೂ ಹೇಳಬೇಕಾಗಲಿಲ್ಲ. ಅವನ ಬೆರಳನ್ನು ನೋಡಿಯೇ ಮುದುಕಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ನೆಟ್ಟ ಕೈಯೇ ಕೀಳಬೇಕು," ಎಂದಳು. "ಒಂದು ಬೇರೂ ಉಳೀಬಾರದು. ಬೇರು ಹಿಡಿದು ಹೋದರೆ ಕೊಡ ಸಿಗ್ತದೆ. ಅದರಲ್ಲಿ ಇರೋದನ್ನ ಮಣ್ಣಿಗೆ ಸುರಿ. ಸುರಿದದ್ದು ನಿನ್ನ ಮನೆಗೆ ತಿರುಗಿ ಬರ್ತದೆ." ಅವನು ತಿರುಗುತ್ತಿದ್ದಂತೆ ರಟ್ಟೆ ಹಿಡಿದಳು. "ಕುಡೀಬೇಡ. ಕುಡಿದದ್ದು ತಿರುಗಿ ಬರೋದಿಲ್ಲ."

ಇದನ್ನು ಅವಳ ಅಪ್ಪನಿಗೆ ಮಂತ್ರವಾದಿಯ ಮಗ ಹೇಳಿದ್ದನಂತೆ. ಅವನು ಬಂದು ಹೇಳುವ ಹೊತ್ತಿಗೆ ದೊಡ್ಡಪ್ಪನ ಮನೆಯಲ್ಲಿ ಉಳಿಸಲು ಯಾರೂ ಇರಲಿಲ್ಲ.

ಇನ್ನೂ ಬಿಸಿಲಿತ್ತು. ನಾಗೇಶ ಗುದ್ದಲಿ ಹಿಡಿದು ಗುಳಿಗೆ ಇಳಿದ.

ಮೊದಲ ಗಿಡ ಸುಲಭವಾಗಿ ಬಂತು. ಎರಡನೆಯದು ಮಿಸುಕಿತು. ಮೂರನೆಯದನ್ನು ಹಿಡಿದಾಗ ಅದು ಅವನನ್ನು ತಿರುಗಿ ಎಳೆಯಿತು. ಅಂಗೈ ಸೀಳಿತು. ರಕ್ತ ಬರಲಿಲ್ಲ. ಒಂದೊಂದು ಗಿಡಕ್ಕೂ ಬಾಯಿ ಇನ್ನಷ್ಟು ಒಣಗಿತು. ಉಗುಳು ನಿಂತಿತು. ಬೆವರು ನಿಂತಿತು. ರೆಪ್ಪೆ ಕಣ್ಣಿಗೆ ಮರಳು ಕಾಗದದಂತೆ ಉಜ್ಜಿತು. ಅವನು ಕೀಳುತ್ತಲೇ ಇದ್ದ. ಬೇರುಗಳೆಲ್ಲ ಒಂದೇ ಕಡೆಗೆ ಹೊರಳಿದ್ದವು. ಮಂಡಿಯೂರಿದ. ಕೆದಕಿದ. ಉಗುರು ಮುರಿಯಿತು. ಬೆರಳಿಗೆ ಮಣ್ಣಿನ ಅಂಚು ತಗುಲಿತು.

ಕೊಡ.

ಬೇರಿನ ಬಲೆ ಹರಿದ. ಕಂಠದವರೆಗೆ ತುಂಬಿತ್ತು. ತಿಳಿಯಾದ, ತಣ್ಣನೆಯ ನೀರು. ಒಳಗೆ ಆಕಾಶ ಕಾಣುತ್ತಿತ್ತು. ಗಂಟಲು ಮುಚ್ಚಿಕೊಂಡಿತು. ಉಸಿರು ಕೂಡ ಒಳಗೆ ಕೆರೆಯಿತು. ಎತ್ತಿದ. ತಲೆ ತಿರುಗಿತು. ಕಣ್ಣು ಕತ್ತಲಾಯಿತು. ಒಂದು ಗುಟುಕು. ಇಷ್ಟಿದೆಯಲ್ಲ. ಒಂದೇ ಗುಟುಕು. ಬಾಯಿ ತಾನಾಗಿ ಬಗ್ಗಿತು.

ಗಂಟಲಿಗೆ ಇಳಿಯುವಾಗ ಅದು ತಣ್ಣಗಿರಲಿಲ್ಲ. ಬೆಚ್ಚಗಿತ್ತು. ಉಪ್ಪುಪ್ಪಾಗಿತ್ತು.

ಅವನು ಬಾಯಿ ಕಿತ್ತುಕೊಂಡ. ಎರಡೂ ಕೈಯಲ್ಲಿ ಕೊಡವನ್ನು ಬೋರಲು ಹಾಕಿದ. ಮಣ್ಣು ಕಾದ ಕಾವಲಿಯಂತೆ ಚುರ್ರೆಂದಿತು. ನೀರು ಸುರಿಯಿತು. ಒಂದು ಕೊಡದಲ್ಲಿ ಹಿಡಿಸದಷ್ಟು, ಹತ್ತು ಕೊಡದಲ್ಲಿ ಹಿಡಿಸದಷ್ಟು ಸುರಿಯುತ್ತಲೇ ಇತ್ತು. ಕೊನೆಯ ಹನಿ ಬಿದ್ದಾಗ ಕೊಡ ಅವನ ಕೈಯಲ್ಲೇ ಪುಡಿಯಾಯಿತು. ಕಿತ್ತ ಗಿಡಗಳು ಕಣ್ಣೆದುರೇ ಮುದುಡಿ ಕಪ್ಪಗಾದವು.

ಮನೆ ತಲುಪಿದಾಗ ಒಳಗೆ ದೀಪ ಉರಿಯುತ್ತಿತ್ತು. ಬಾವಿಯಲ್ಲಿ ಗುಳುಗುಳು ಸದ್ದು. ಧನ್ಯಾ ಗೋಡೆಗೆ ಒರಗಿ ಮಗುವಿಗೆ ಹಾಲೂಡುತ್ತಿದ್ದಳು. ಇನ್ನೊಂದು ಎದೆಯಿಂದ ತಾನಾಗಿ ಹಾಲು ಸೋರಿ ಸೀರೆ ನೆನೆದಿತ್ತು. ಅವಳು ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದಳು. ಗುಡ್ಡದ ಮೇಲೆ ಏನೋ ನೆಟ್ಟಿದ್ದೆ, ಕಿತ್ತು ಹಾಕಿ ಬಂದೆ ಎಂದ ನಾಗೇಶ. ಅಷ್ಟನ್ನೇ ಹೇಳಿದ.

ಬೇಸಗೆಗೆ ಮುಂಚೆ ಅವರು ಮೂಡಿಗೆರೆಗೆ ಬಂದರು. ಅವನಿಗೆ ಮೋಟಾರು ರಿಪೇರಿಯ ಕೆಲಸ ಸಿಕ್ಕಿತು. ಮಗು ಬೆಳೆಯಿತು, ನಡೆಯಿತು, ಮಾತಾಡಿತು. ಅಳುವಾಗ ಮಾತ್ರ ಅದರ ಕಣ್ಣಲ್ಲಿ ಪಸೆಯಿರುತ್ತಿರಲಿಲ್ಲ. ಕಣ್ಣಿನ ಡಾಕ್ಟರುಗಳು ಬೇರೆ ಬೇರೆ ಹೆಸರು ಹೇಳಿದರು. ಎಲ್ಲರೂ ಒಂದೇ ಬಗೆಯ ಹನಿ ಕೊಟ್ಟರು. ಎರಡು ಗಂಟೆಗೊಮ್ಮೆ ಹಾಕದಿದ್ದರೆ ಕಣ್ಣು ಹೋಗಬಹುದು ಎಂದರು.

ಮೂರು ತುಂಬಿದ ಮೇಲೆ ಒಂದು ಮಧ್ಯಾಹ್ನ ಪುಟ್ಟಿ ಮೆಟ್ಟಿಲಿನಿಂದ ಬಿದ್ದು ಮಂಡಿ ತರಚಿಕೊಂಡಳು. ಬಿಕ್ಕಿ ಬಿಕ್ಕಿ ಅತ್ತಳು. ಧನ್ಯಾ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸೆರಗಿನಿಂದ ಕೆನ್ನೆ ಒರೆಸಿದಳು. ಒರೆಸಲು ಅಲ್ಲಿ ಏನೂ ಇರಲಿಲ್ಲ. ಒರೆಸುತ್ತ ಅವಳ ಕಣ್ಣೇ ತುಂಬಿ ಬಂತು. ಮಗು ಅಳು ನಿಲ್ಲಿಸಿ ಅದನ್ನು ಬೆರಳಿನಿಂದ ಮುಟ್ಟಿ ನೋಡಿತು.

"ಅಮ್ಮಾ, ನಂದು ಯಾರು ತಗೊಂಡ್ರು?"

ಧನ್ಯಾ ತಲೆಯೆತ್ತಿ ಗಂಡನ ಮುಖ ನೋಡಿದಳು. ನಾಗೇಶ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಬಿಸಿಲಿಗೆ ನಡೆದುಬಿಟ್ಟ.