ಗುರುತು ಸಿಗದ ಪೆಟ್ಟಿಗೆ

“ಆ ಪೆಟ್ಟಿಗೆ ಮುಟ್ಟೋದಾದ್ರೆ ಎರಡು ಹಿಡಿಯನ್ನೂ ನೀನೇ ಹಿಡ್ಕೋ. ಇಲ್ಲಾಂದ್ರೆ ಅದರ ತಂಟೆಗೇ ಹೋಗಬೇಡ,” ಎಂದರು ಯಜಮಾನರು.

ಅವನು ನಕ್ಕುಬಿಟ್ಟ. ಸದಾ ಜೇಬಿಗೆ ಟೆಸ್ಟರ್ ಸಿಕ್ಕಿಸಿಕೊಂಡು ಓಡಾಡುತ್ತಿದ್ದವನಿಗೆ ಟೆಸ್ಟರ್ ಎಂಬ ಹೆಸರೇ ಅಂಟಿತ್ತು. ಅಕ್ಕ ಒಬ್ಬಳು ಮಾತ್ರ ಇನ್ನೂ ಪುಟ್ಟ ಅನ್ನುತ್ತಿದ್ದಳು. ಹಳೆಯ ವಿದ್ಯುತ್ ಸಾಮಾನು ಕೊಂಡು ಮಾರುವ ಈ ಅಂಗಡಿಗೆ ಅವನು ಸೇರಿ ಇನ್ನೂ ಒಂದು ವಾರವೂ ಆಗಿರಲಿಲ್ಲ. ನೆಲಮಾಳಿಗೆಯಲ್ಲಿ ರಾಶಿ ಬಿದ್ದ ಯಂತ್ರಗಳಲ್ಲಿ ಯಾವುದು ಏನು, ಯಾತಕ್ಕೆ ಬಳಸುತ್ತಿದ್ದರು ಎಂದು ಗುರುತಿಸಿ ಚೀಟಿ ಕಟ್ಟುವುದು ಅವನ ಕೆಲಸ. ಆ ಕಪ್ಪು ಮರದ ಪೆಟ್ಟಿಗೆಗೆ ಆಗಲೇ ಹಲವು ಚೀಟಿಗಳು ನೇತಾಡುತ್ತಿದ್ದವು. ಒಂದೊಂದು ಒಬ್ಬೊಬ್ಬರ ಕೈಬರಹ, ಎಲ್ಲದರಲ್ಲೂ ಒಂದೇ ಮಾತು: ಗುರುತು ಸಿಗಲಿಲ್ಲ.

ಅದು ಒಬ್ಬ ಮಾಟಗಾರನದಂತೆ. ಒಬ್ಬರ ಮೈಯಲ್ಲಿದ್ದ ಕೇಡನ್ನು ಇನ್ನೊಬ್ಬರ ಮೈಗೆ ದಾಟಿಸುತ್ತಿದ್ದನಂತೆ. ಎರಡೂ ಹಿಡಿಯನ್ನು ಒಬ್ಬರೇ ಹಿಡಿದರೆ ಹೋದದ್ದು ಅವರಿಗೇ ವಾಪಸು ಬರುತ್ತದೆ, ಯಾರಿಗೂ ತೊಂದರೆಯಿಲ್ಲ. ಒಂದನ್ನೇ ಹಿಡಿದರೆ ಇನ್ನೊಂದು ತುದಿ ಯಾರಿಗಾದರೂ ಕಾಯುತ್ತದೆ. ಯಜಮಾನರು ಇಷ್ಟು ಹೇಳುವಾಗ ಬಾಗಿಲ ಬಳಿ ಕೂತು ತಂತಿ ಸುತ್ತುತ್ತಿದ್ದ ಅವರ ತಮ್ಮನ ಕೈ ನಿಂತುಹೋಯಿತು. ಆತ ಕುರುಡ. ಹುಟ್ಟುಕುರುಡನಲ್ಲ, ಚಿಕ್ಕ ವಯಸ್ಸಿನಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಕಣ್ಣು ಹೋದದ್ದಂತೆ. ಅಣ್ಣನ ಕಣ್ಣೋ, ಮುದಿ ವಯಸ್ಸಿನಲ್ಲೂ ಕನ್ನಡಕವಿಲ್ಲದೆ ಇರುವೆಯ ಕಾಲು ಎಣಿಸುವಂಥದ್ದು.

ಟೆಸ್ಟರ್‌ಗೆ ಇದರಲ್ಲಿ ಬೇರೆಯೇ ವಾಸನೆ ಹೊಡೆಯಿತು. ಮುದುಕರು ಬೆಲೆಬಾಳುವ ಮಾಲನ್ನು ಅಡಗಿಸಿಡಲು ಅಡುಗೂಲಜ್ಜಿ ಕತೆ ಕಟ್ಟಿದ್ದಾರೆ ಅಂದುಕೊಂಡ. ತಾನು ಕಳ್ಳ ಪರರ ನಂಬ ಅನ್ನುತ್ತಾರಲ್ಲ, ಹಾಗೆ. ಯಾಕೆಂದರೆ ಅಡಗಿಸಿಟ್ಟದ್ದು ಅವನ ಬಳಿಯೂ ಒಂದಿತ್ತು. ಅವನ ಬಲಗೈ ನಡುಗುತ್ತಿತ್ತು. ಬೆಸುಗೆ ಹಾಕಹೋದರೆ ಕಾದ ಮೊನೆ ಎಲ್ಲೆಲ್ಲೋ ಕುಣಿಯುತ್ತಿತ್ತು. ಹಿಂದಿನ ಕೆಲಸ ಹೋದದ್ದೇ ಅದರಿಂದ. ತಾಯಿಯಿಲ್ಲದ ಮನೆಯಲ್ಲಿ ಅಕ್ಕ ಬಟ್ಟೆ ಹೊಲಿದು ಅವನನ್ನು ಸಾಕಿ ಕೆಲಸ ಕಲಿಸಿದ್ದಳು. ಇದೂ ಕೈಬಿಟ್ಟರೆ ಮತ್ತೆ ಅವಳ ಸೂಜಿಯ ಅನ್ನವೇ ಗತಿ ಎಂದು ಅವನಿಗೆ ಹೆದರಿಕೆ, ಅದಕ್ಕಿಂತ ಹೆಚ್ಚಾಗಿ ನಾಚಿಕೆ.

ಮಧ್ಯಾಹ್ನ ಯಜಮಾನರು ಒಳಗೆ ಮಲಗಿದ್ದಾಗ ಅವನು ನೆಲಮಾಳಿಗೆಗೆ ಇಳಿದ. ಪೆಟ್ಟಿಗೆಯ ಮುಚ್ಚಳ ಎತ್ತಿದ ಕೂಡಲೇ ಸುಟ್ಟ ಕೂದಲ ವಾಸನೆ ಮೂಗಿಗೆ ಬಡಿಯಿತು. ಒಳಗೆ ತಾಮ್ರದ ಸುರುಳಿ, ಮುಳ್ಳಿನ ಮೀಟರು, ಒಂದು ಸ್ವಿಚ್ಚು. ಬ್ಯಾಟರಿಯ ಗಾಜಿನ ಜಾಡಿಗಳು ಎಂದೋ ಒಣಗಿ ಬಿರುಕು ಬಿಟ್ಟಿದ್ದವು. ದೀಪದ ಹತ್ತಿರ ಹಿಡಿದು ನೋಡಿದರೆ ಸುರುಳಿಯಲ್ಲಿ ತಾಮ್ರದ ಎಳೆಗಳ ನಡುವೆ ಮನುಷ್ಯರ ಕೂದಲೂ ಸುತ್ತಿತ್ತು. ಕರಿಯದು, ನರೆತದ್ದು, ಮಕ್ಕಳ ಕೂದಲಂತೆ ನುಣುಪಾದದ್ದು. ತಂತಿ ಸಿಗದ ಕಾಲದಲ್ಲಿ ಏನು ಸಿಕ್ಕಿತೋ ಅದನ್ನು ಸುತ್ತಿರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಆ ಸಮಾಧಾನ ಅವನಿಗೇ ಪೂರ್ತಿ ಹಿಡಿಸಲಿಲ್ಲ.

ಎರಡು ಹಿತ್ತಾಳೆಯ ಹಿಡಿಗಳು. ಒಂದು, ಎಷ್ಟೋ ಜನ ಹಿಡಿದು ಹಿಡಿದು ಫಳಫಳ ಹೊಳೆಯುತ್ತಿತ್ತು. ಇನ್ನೊಂದಕ್ಕೆ ತೊಗಲಿನ ಪಟ್ಟಿ, ಬಕಲ್ಲು; ಪಟ್ಟಿಯ ಒಳಮೈ ತುಂಬ ಉಗುರಿನ ಗೀರು. ಆದರೂ ಇದು ಏನೆಂದು ಅವನಿಗೆ ತಿಳಿಯಿತು. ನರಗಳ ಕಾಯಿಲೆಗೆ ಹಿಂದೆ ವೈದ್ಯರು ಕೊಡುತ್ತಿದ್ದ ಶಾಕ್ ಪೆಟ್ಟಿಗೆ, ಅಷ್ಟೇ. ಇಷ್ಟು ಸುಲಭದ್ದನ್ನು ಗುರುತಿಸಲಾರದೆ ಚೀಟಿ ಕಟ್ಟಿ ಹೋದ ದಡ್ಡರನ್ನು ನೆನೆದು ನಗು ಬಂತು. ಒಂದೇ ಒಂದು ಸಂಗತಿ ಕಾಡಿತು. ರೋಗಿ ಎರಡನ್ನೂ ಹಿಡಿದು ಕೂರುವುದಾದರೆ ತಂತಿ ಮೊಳದುದ್ದ ಸಾಕು. ಪಟ್ಟಿಯ ಹಿಡಿಯ ತಂತಿ ಮಾತ್ರ ಇನ್ನೊಂದು ಕೋಣೆಗೆ ಮುಟ್ಟುವಷ್ಟು ಉದ್ದವಿತ್ತು. ಬಿಡಿಸಿದ್ದೇ ತಡ, ಸರಸರನೆ ಮೇಜಿನಿಂದ ಜಾರಿ ಮೆಟ್ಟಿಲ ಬುಡದ ಕತ್ತಲಿಗೆ ಹೋಗಿ ಬಿತ್ತು.

ಅಷ್ಟರಲ್ಲಿ ಕರೆಂಟು ಹೋಯಿತು.

ಕಿಟಕಿಯಿಲ್ಲದ ನೆಲಮಾಳಿಗೆ. ತನ್ನ ಕೈ ತನಗೇ ಕಾಣದ ಕತ್ತಲು. ಅವನು ಟಾರ್ಚು ಹಚ್ಚಿ ಮೇಜಿನ ಮೇಲಿಟ್ಟ. ಸತ್ತ ಬ್ಯಾಟರಿ, ಏನು ತಾನೇ ಆದೀತು ಎಂದು ಸ್ವಿಚ್ಚು ಒತ್ತಿದ. ಬಲಗೈಯಲ್ಲಿ ಹೊಳೆಯುವ ಹಿಡಿ ತೆಗೆದುಕೊಂಡ. ಎಡಗೈ ತಾನಾಗಿ ಜೇಬಿಗೆ ಹೋಯಿತು. ಕೆಲಸ ಕಲಿಸಿದ ಮೇಸ್ತ್ರಿ ತಲೆಗೆ ಮೊಟಕಿ ಮೊಟಕಿ ಹೇಳಿಕೊಟ್ಟಿದ್ದ ಪಾಠ ಅದು: ಕರೆಂಟು ಮುಟ್ಟುವಾಗ ಒಂದೇ ಕೈ, ಇನ್ನೊಂದು ಜೇಬಲ್ಲಿ, ಎರಡೂ ಕೈ ಕೊಟ್ಟರೆ ಎದೆಯ ಮೂಲಕ ಹಾಯುತ್ತದೆ. ಇಷ್ಟು ವರ್ಷ ಅವನ ಜೀವ ಉಳಿಸಿದ್ದು ಆ ಅಭ್ಯಾಸವೇ. ಯಜಮಾನರ ಮಾತು ನೆನಪಿಗೇ ಬರಲಿಲ್ಲ.

ಗುಂಯ್ ಎಂದಿತು ಪೆಟ್ಟಿಗೆ.

ಬ್ಯಾಟರಿ ಸತ್ತಿದೆ. ಇನ್ನೊಂದು ತುದಿ ಖಾಲಿ ಬಿದ್ದಿದೆ. ಹರಿಯಲು ದಾರಿಯೇ ಇಲ್ಲ. ಆದರೆ ಮುಳ್ಳು ಅಲುಗಿತು. ಏರಿತು. ಮೊಣಕೈಯಿಂದ ಬೆರಳಿನ ತುದಿಗೆ ಏನೋ ಬೆಚ್ಚಗೆ ಇಳಿದುಹೋಯಿತು. ನೋಡುತ್ತಾನೆ, ಕೈ ನಡುಗುತ್ತಿಲ್ಲ. ನೆಲದ ಮೇಲಿನ ತಂತಿ ಬಿಗಿದು ನಿಂತಿದೆ. ಅದರ ಆ ತುದಿ ಈಗ ನೆಲದಲ್ಲಿಲ್ಲ. ಮೆಟ್ಟಿಲ ಬಳಿ ತಗಡು ತಗಡಿಗೆ ಬಡಿಯುವ ಸದ್ದು. ಗಡಗಡ. ಗಡಗಡ. ನಿಲ್ಲದೆ.

ಅವನು ಟಾರ್ಚು ತಿರುಗಿಸಿದ.

ಅಕ್ಕ ನಿಂತಿದ್ದಳು. ಬಲಗೈಯಲ್ಲಿ ಅವನು ಮನೆಯಲ್ಲೇ ಮರೆತು ಬಂದಿದ್ದ ಊಟದ ಡಬ್ಬಿ, ಇನ್ನೊಂದರಲ್ಲಿ ಪಟ್ಟಿಯ ಹಿಡಿ.

“ಪುಟ್ಟಾ, ಇದು ಕಾಲಿಗೆ ಸಿಕ್ತು. ತುಳಿದುಬಿಟ್ಟೇನು ಅಂತ ಎತ್ತಿಕೊಂಡೆ,” ಎಂದಳು. “ಯಾಕೋ ಇಷ್ಟು ತಣ್ಣಗಿದೆ?”

ಅವನು ಸ್ವಿಚ್ಚು ಆರಿಸಿದ. ಗುಂಯ್‌ಗುಟ್ಟುವುದು ನಿಂತಿತು. ಡಬ್ಬಿಯ ಗಡಗಡ ನಿಲ್ಲಲಿಲ್ಲ.

ದಾಟಿದ್ದನ್ನು ವಾಪಸು ಎಳೆದುಕೊಳ್ಳಬೇಕೆಂದು, ಏನೂ ವಿವರಿಸದೆ ಹೊಳೆಯುವ ಹಿಡಿಯನ್ನು ಅವಳ ಕೈಗೆ ತುರುಕಿದ. ಅವಳು ಕೇಳಲೂ ಇಲ್ಲ, ತಮ್ಮ ಕೊಟ್ಟ ಎಂದು ಹಿಡಿದುಕೊಂಡಳು. ತಾನು ಪಟ್ಟಿಯ ಹಿಡಿ ಹಿಡಿದು ಸ್ವಿಚ್ಚು ಒತ್ತಿದ. ಮುಳ್ಳು ಅಲುಗಿತು. ಮಂಜಿನಂಥ ಚಳಿ ಮಣಿಕಟ್ಟಿಗೆ ಏರಿತು. ಬೆರಳು ಬಿಚ್ಚಿಕೊಂಡವು, ಹಿಡಿ ಠಣ್ ಎಂದು ಬಿತ್ತು. ಎತ್ತಿಕೊಂಡ. ಮತ್ತೆ ಬಿತ್ತು. ಹಲ್ಲು ಕಚ್ಚಿ ಹಿಡಿದ. ಮತ್ತೆ ಬಿತ್ತು.

ಪಟ್ಟಿ ಯಾತಕ್ಕೆಂದು ಆಗ ತಿಳಿಯಿತು. ಗೊತ್ತಿದ್ದೂ ಇದನ್ನು ಹಿಡಿದುಕೊಳ್ಳುವ ಕೈ ಇಲ್ಲ. ಕಟ್ಟಿಹಾಕಲೇಬೇಕು.

ಅಕ್ಕನಿಗೆ ಬಕಲ್ಲು ಹಾಕು ಅಂದರೆ ಸಾಕಿತ್ತು. ಅವಳು ಹಾಕುತ್ತಿದ್ದಳು. ಆ ಮಾತು ಅವನ ಗಂಟಲವರೆಗೂ ಬಂತು. ಅವನು ತನ್ನ ಬಲಗೈ ನೋಡಿಕೊಂಡ. ಕಲ್ಲಿನಂತೆ ನಿಂತಿದ್ದ ಕೈ. ಈ ಕೈ ಇದ್ದರೆ ಅಕ್ಕನನ್ನು ಕೂರಿಸಿ ಸಾಕಬಹುದು, ಅವಳು ಇನ್ನು ಹೊಲಿಯಬೇಕಾದ್ದೇ ಇಲ್ಲ ಎಂದು ಮನಸ್ಸು ಲೆಕ್ಕ ಹೇಳಿತು. ಹೊಲಿಗೆಯೆಂದರೆ ಅವಳಿಗೆ ಪ್ರಾಣ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ.

“ಏನೋ ಇದು?” ಎಂದಳು ಅಕ್ಕ.

“ಗೊತ್ತಾಗ್ಲಿಲ್ಲ ಅಕ್ಕ.”

ಅವಳು ಕೈ ಉಜ್ಜಿಕೊಂಡು, ಮೆಟ್ಟಿಲಿಳಿದ ಆಯಾಸ ಇರಬೇಕು ಎಂದಳು. ಕರೆಂಟು ಬಂತು. ಅವನು ಹೊಸ ಚೀಟಿ ತೆಗೆದು, ಹಳೆಯ ಚೀಟಿಗಳಲ್ಲಿದ್ದ ಅದೇ ಮಾತು ಬರೆದ. ಅವರು ಯಾರೂ ದಡ್ಡರಾಗಿರಲಿಲ್ಲ. ಪ್ರತಿಯೊಬ್ಬನೂ ಗುರುತಿಸಿದ್ದ.

ಮೇಲೆ ಯಜಮಾನರು ಎದ್ದು ಕೂತಿದ್ದರು. ಅವನು ಹೊಸ ಚೀಟಿಯ ಜೊತೆಗೆ ಪೆಟ್ಟಿಗೆಯನ್ನು ತಂದು ಬಾಗಿಲ ಬಳಿಯ ಕಪಾಟಿನಲ್ಲಿಟ್ಟ. ಅವರು ಕೂತಲ್ಲಿಂದಲೇ, ಕನ್ನಡಕವಿಲ್ಲದೆ, ಅದನ್ನು ಓದಿದರು.

“ಅಕ್ಷರ ಮುತ್ತು ಪೋಣಿಸಿದ ಹಾಗಿದೆ,” ಎಂದರು.

ಬಾಗಿಲ ಬಳಿಯ ಕುರುಡ ತಲೆಯೆತ್ತಿದ. “ಇವನಿಗೂ ಗೊತ್ತಾಗ್ಲಿಲ್ವಾ ಅಣ್ಣಾ ಅದು ಏನು ಅಂತ?”

“ಇಲ್ಲ ಕಣೋ,” ಎಂದರು ಯಜಮಾನರು.

ಹೊರಗೆ ಅಕ್ಕ ಮನೆಯ ದಾರಿ ಹಿಡಿದಿದ್ದಳು. ಅವನು ಉಂಡು ಕೊಟ್ಟ ಖಾಲಿ ಡಬ್ಬಿಯ ಗಡಗಡ ಬೀದಿಯ ಕೊನೆಯವರೆಗೂ ಕೇಳುತ್ತಲೇ ಇತ್ತು.