ಕೊನೆಯವನ ಹಿಂದೆ ಒಂದು ಲೂನಾ

"ಏನ್ರೀ ಹದಿನೇಳು! ಕಾಲು ಹಿಡ್ಕೊಂಡಿದೆಯಾ?"

ಆವಲಪ್ಪ ತಿರುಗಿ ನೋಡಲಿಲ್ಲ. ನೋಡಿದರೆ ಮುಖದ ನಗು ಕಾಣಿಸಿಬಿಡುತ್ತಿತ್ತು. ಅವನ ಬನಿಯನ್ನಿಗೆ ಪಿನ್ನು ಹಾಕಿದ್ದ ಹದಿನೇಳನೇ ನಂಬರಿನ ಹಿಂದೆ, ಎರಡು ಮಾರು ದೂರದಲ್ಲಿ, ಒಂದು ಹಸಿರು ಲೂನಾ ಟರ್ ಟರ್ ಎನ್ನುತ್ತ ಬರುತ್ತಿತ್ತು. ಅದರ ಮೇಲೆ ನಂದಿ ಆಸ್ಪತ್ರೆಯ ನರ್ಸು ರತ್ನ. ಹ್ಯಾಂಡಲಿಗೆ ಔಷಧಿ ಚೀಲ, ಚೀಲದಲ್ಲಿ ಗ್ಲೂಕೋಸ್ ಡಬ್ಬಿ. ಕೊನೆಯ ಸ್ಪರ್ಧಿಯ ಹಿಂದೆಯೇ ಬರಬೇಕು, ಬಿದ್ದರೆ ಎತ್ತಬೇಕು. ಅದು ಅವಳ ಡ್ಯೂಟಿ.

ಆ ಕೊನೆಯ ಸ್ಪರ್ಧಿಯಾಗಲು ಆವಲಪ್ಪ ಬೆಳಗಿನಿಂದ ಪಟ್ಟ ಪಾಡು ಅವಳಿಗೇನು ಗೊತ್ತು!

ಅವನು ಖಾಸಗಿ ಬಸ್ಸಿನ ಕಂಡಕ್ಟರು. ಚಿಂತಾಮಣಿಯಿಂದ ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರ, ಅಲ್ಲಿಂದ ನಂದಿ, ಮತ್ತೆ ವಾಪಸ್ಸು. ಈ ಕಡೆ ಖಾಸಗಿ ಬಸ್ಸೆಂದರೆ ಟೈಮಿಂಗು. ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸಿನವನು ಮುಂದೆ ನುಗ್ಗಿ ಜನರನ್ನೆಲ್ಲ ಬಾಚಿಕೊಂಡು ಹೋಗುತ್ತಾನೆ. ಹಾಗಾಗಿ ಆರು ವರ್ಷದಿಂದ ಆವಲಪ್ಪನ ಬಾಯಲ್ಲಿ "ಬೇಗ ಹತ್ತಮ್ಮ, ಬೇಗ ಇಳಿಯಪ್ಪ, ರೈಟ್ ರೈಟ್" ಬಿಟ್ಟು ಬೇರೆ ಮಾತು ಬಂದದ್ದು ಕಡಿಮೆ. ಅದರಲ್ಲಿ ಮೂರು ವರ್ಷ, ದಿನಾ ಬೆಳಿಗ್ಗೆ ಎಂಟೂಕಾಲಿಗೆ, ರತ್ನ ಆ ಬಸ್ಸು ಹತ್ತಿದ್ದಳು. "ನಂದಿ ಒಂದು" ಎನ್ನುತ್ತಿದ್ದಳು. "ತಗೊಳ್ಳಿ ಸಿಸ್ಟರ್" ಎನ್ನುತ್ತಿದ್ದ. ಅಷ್ಟೇ ಪ್ರೇಮ. ಒಂದು ದಿನ ಚಿಲ್ಲರೆ ಕೊಡುವಾಗ ಅವಳು ನಕ್ಕಳು. ಆವತ್ತು ಅವನು ಹನ್ನೊಂದು ಜನಕ್ಕೆ ಟಿಕೆಟ್ ಕೊಡುವುದನ್ನೇ ಮರೆತ.

ಹೋದ ಯುಗಾದಿಗೆ ಅವಳು ಲೂನಾ ಕೊಂಡಳು. ಎಂಬತ್ತು ಜನ ಜೋತಾಡುತ್ತಿದ್ದರೂ ಬಸ್ಸು ಅವನಿಗೆ ಖಾಲಿ ಕಾಣತೊಡಗಿತು.

ಹೀಗಿರುವಾಗ ಈ ತೊಂಬತ್ಮೂರರ ಜನವರಿಯಲ್ಲಿ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನ ಗೋಡೆಗೆ ಒಂದು ನೋಟೀಸು ಬಿತ್ತು. 'ಟ್ರಯಥ್ಲಾನ್. ಈಜು, ಸೈಕಲ್, ಓಟ, ಒಂದರ ಹಿಂದೆ ಒಂದು. ಈಜು ಬಾರದವರಿಗೆ ಲಾರಿ ಟ್ಯೂಬ್ ಒದಗಿಸಲಾಗುವುದು.' ಬರೆದವರು ರಿಟೈರಾದ ಪೀಟಿ ಮೇಷ್ಟ್ರು ವೆಂಕಟರವಣಪ್ಪ. ಕೆಳಗೆ ಇನ್ನೊಂದು ಸಾಲಿತ್ತು: 'ಕೊನೆಯ ಸ್ಪರ್ಧಿಯ ಹಿಂದೆ ನರ್ಸ್ ರತ್ನ ಅವರು ಲೂನಾದಲ್ಲಿ ಬರುವರು. ಭಯ ಬೇಡ.'

ಊರಿನವರೆಲ್ಲ ಮೊದಲ ಬಹುಮಾನದ ಸಾಲು ಓದಿದರು. ಆವಲಪ್ಪ ಕೊನೆಯ ಸಾಲು ಓದಿ ಹೆಸರು ಕೊಟ್ಟ.

ಏಳಕ್ಕೆ ಶುರುವಾಗಬೇಕಿದ್ದ ಸ್ಪರ್ಧೆ ಮುಖ್ಯ ಅತಿಥಿಗಳ ದೆಸೆಯಿಂದ ಒಂಬತ್ತೂವರೆಗೆ ಶುರುವಾಯಿತು. ಮೂವತ್ತೊಂದು ಜನರಲ್ಲಿ ಮಿಕ್ಕವರು ಕೆರೆಗೆ ಧುಮುಕಿದರು. ಆವಲಪ್ಪ ಮೆಲ್ಲಗೆ, ಬಿಸಿನೀರಿನ ಹಂಡೆಗೆ ಬೆರಳು ಅದ್ದುವವನಂತೆ ಇಳಿದ. ಇನ್ನು ನಾನೇ ಕೊನೆ ಎಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಒಂದು ಆಕಳಿಕೆ ಕೇಳಿಸಿತು. ಬೇಕರಿ ಮೆಹಬೂಬ್ ಪಾಷಾ ಲಾರಿ ಟ್ಯೂಬಿನ ಮೇಲೆ ಅಂಗಾತ ಮಲಗಿ, ಹೊಟ್ಟೆಯನ್ನು ಬಿಸಿಲಿಗೆ ಕಾಯಿಸುತ್ತ ತೇಲುತ್ತಿದ್ದರು.

"ನೀವು ಮುಂದೆ ಹೋಗಿ ಭಾಯ್," ಅಂದ ಆವಲಪ್ಪ.

"ನಂಗೇನಪ್ಪ ಅರ್ಜೆಂಟು? ದಿನಾ ಮೂರು ಗಂಟೆಗೆ ಎದ್ದು ಭಟ್ಟಿ ಹಚ್ಚೋನು ನಾನು. ಕೆರೆಗಿಳಿದು ಇಪ್ಪತ್ತು ವರ್ಷ ಆಯ್ತು. ಇವತ್ತು ಒಂದಿನ ಆರಾಮಾಗಿ ಬರ್ತೀನಿ ಅಂತ ಮನೇಲಿ ಹೇಳ್ಬಿಟ್ಟೇ ಬಂದಿದ್ದೀನಿ. ಲಾಸ್ಟ್ ಪ್ಲೇಸು ನಂದು. ನೀನು ನಡಿ!"

ಆವಲಪ್ಪನಿಗೆ ಆ ಚಳಿನೀರಲ್ಲೂ ಬೆವರು ಬಂತು.

ಯುದ್ಧ ನಡೆದದ್ದು ಸೈಕಲ್ಲಿನ ಮೇಲೆ. ನಂದಿಗೆ ಹೋಗಿ ಬರುವ ದಾರಿ. ಪಾಷಾ ನಿಧಾನ ಮಾಡಿದರೆ ಇವನು ಇನ್ನೂ ನಿಧಾನ. ಇವನು ನಿಧಾನ ಮಾಡಿದರೆ ಪಾಷಾ ಹಾಡು ಗುನುಗುತ್ತ ಅದಕ್ಕಿಂತ ನಿಧಾನ. ಹುಲ್ಲಿನ ಹೊರೆ ಹೊತ್ತ ಅಜ್ಜಿ ಮುನಿಶಾಮಮ್ಮ ಇಬ್ಬರನ್ನೂ ಹಿಂದೆ ಹಾಕಿ ಹೋಗುತ್ತ, "ಪಂಚರ್ರೇನ್ರಪ್ಪಾ?" ಎಂದು ವಿಚಾರಿಸಿದಳು. ಪಾಷಾಗೆ ತಿಳಿಯದ ಸಂಗತಿಯೆಂದರೆ, ಆವಲಪ್ಪ ಹೈಸ್ಕೂಲಿನಲ್ಲಿ ಮೂರು ವರ್ಷವೂ ಸ್ಲೋ ಸೈಕಲ್ ರೇಸಿನಲ್ಲಿ ಫಸ್ಟು. ಹ್ಯಾಂಡಲನ್ನು ಅತ್ತಿತ್ತ ಕುಣಿಸುತ್ತ ಅವನು ನಿಂತಲ್ಲೇ ನಿಂತುಬಿಟ್ಟ. ಪಾಷಾ ಓಲಾಡಿದರು, ತೂಗಾಡಿದರು, ಕಡೆಗೆ ದೊಪ್ಪನೆ ಕಾಲು ಕೆಳಗಿಟ್ಟರು.

ಅವರು ಆವಲಪ್ಪನನ್ನು ನೋಡಿದರು. ಹಿಂದೆ ಬರುತ್ತಿದ್ದ ಲೂನಾ ನೋಡಿದರು. ಮತ್ತೆ ಆವಲಪ್ಪನನ್ನು ನೋಡಿದರು. ಗಡ್ಡದೊಳಗಿಂದ ನಗು ಮೇಲೆದ್ದಿತು.

"ಅಚ್ಛಾ! ಇದನ್ನ ಕೆರೇಲೇ ಹೇಳ್ಬಾರ್ದೇನಯ್ಯಾ? ಸುಮ್ನೆ ಅಡ್ಡ ಬಂದ್ಬಿಟ್ಟೆನಲ್ಲ ನಾನು!" ಸೈಕಲ್ಲಿನ ಕ್ಯಾರಿಯರಿನಿಂದ ಕಾಗದದಲ್ಲಿ ಸುತ್ತಿದ್ದ ಎರಡು ಬನ್ನು ತೆಗೆದು ಅವನ ಕೈಗಿಟ್ಟು, ಕಣ್ಣು ಹೊಡೆದು, ಹದಿನೆಂಟರ ಹುಡುಗನಂತೆ ಪೆಡಲು ತುಳಿದು ಮಾಯವಾದರು.

ಆಗಲೇ ರತ್ನ ಕಾಲು ಹಿಡಿದಿದೆಯಾ ಎಂದು ಕೂಗಿದ್ದು.

"ಇಲ್ಲ ಸಿಸ್ಟರ್, ಆರಾಮಾಗಿದ್ದೀನಿ."

"ನಿಲ್ಲಿ. ನಾಡಿ ನೋಡ್ಬೇಕು."

ಲೂನಾ ಸ್ಟ್ಯಾಂಡ್ ಹಾಕಿ ಬಂದು ಅವನ ಮಣಿಕಟ್ಟು ಹಿಡಿದಳು. ಗಡಿಯಾರದ ಮೇಲೆ ಅವಳ ಕಣ್ಣು, ಅವಳ ರೆಪ್ಪೆಯ ಮೇಲೆ ಇವನ ಕಣ್ಣು. ಕಿವಿಯ ಹಿಂದಿನಿಂದ ಜಾರಿದ ಒಂದೆಳೆ ಕೂದಲು ಗಾಳಿಗೆ ಅವಳ ಕೆನ್ನೆ ಮುಟ್ಟಿತು, ಬಿಟ್ಟಿತು, ಮುಟ್ಟಿತು. ಆ ಕೂದಲಿಗಿರುವ ಧೈರ್ಯ ತನಗಿಲ್ಲವಲ್ಲ ಎಂದುಕೊಂಡ.

ಅವಳು ಮೆಲ್ಲಗೆ ಕಣ್ಣೆತ್ತಿದಳು. "ನೂರಿಪ್ಪತ್ತು! ಹುಲ್ಲು ಹೊತ್ತ ಅಜ್ಜಿ ನಿಮ್ಮನ್ನ ದಾಟ್ಕೊಂಡು ಹೋದ್ರು. ನಿಮ್ಮ ನಾಡಿಗೆ ಮಾತ್ರ ಏನ್ರೀ ಇಷ್ಟು ಅವಸರ?"

"ಅದಕ್ಕೆ ಬಸ್ಸಿನ ಅಭ್ಯಾಸ ಸಿಸ್ಟರ್."

ಅವಳು ತುಟಿ ಕಚ್ಚಿ ನಗು ನುಂಗಿದಳು. ಕೈ ಬಿಡಲು ಮಾತ್ರ ಸ್ವಲ್ಪ ತಡವಾಯಿತು.

ಮುಂದೆ ಸೈಕಲ್ಲೂ ಲೂನಾವೂ ಒಟ್ಟಿಗೇ ಸಾಗಿದವು. ವಿಚಿತ್ರವೆಂದರೆ, ಅವಳಿಗಾಗಿ ನಿಧಾನ ಮಾಡಿದವನಿಗೆ ಆ ನಿಧಾನವೇ ಹಿಡಿಸತೊಡಗಿತು. ದಿನಕ್ಕೆ ಎಂಟು ಸಲ ಓಡಾಡಿದ ದಾರಿ ಇದು. ಇಲ್ಲೊಂದು ಮೆಟ್ಟಿಲ ಬಾವಿ ಇದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಬಾವಿಯ ಗೋಡೆಯ ತೂತಿನಲ್ಲಿ ಗಿಳಿ ಸಂಸಾರ ಹೂಡಿತ್ತು. ತಿರುವಿನಲ್ಲಿ ಹೊಂಗೆಮರದ ನೆರಳು ನೀರಿನ ಹಾಗೆ ತಣ್ಣಗೆ ಮೈಮೇಲೆ ಬಿತ್ತು.

"ಬೆಟ್ಟ ಇಷ್ಟು ದೊಡ್ಡದಾ ಸಿಸ್ಟರ್?"

"ನಿನ್ನೆ ತನಕ ಎಷ್ಟಿತ್ತು?"

"ಬಸ್ಸಿನ ಕಿಟಕಿಯಷ್ಟು."

ಅವಳು ಜೋರಾಗಿ ನಕ್ಕಳು. ಲೂನಾ ರಸ್ತೆಯ ಅಂಚಿಗೆ ಹೋಗಿ ಬಂತು.

ನಂದಿಯ ಹತ್ತಿರ ದ್ರಾಕ್ಷಿ ತೋಟದ ಗೇಟಿನಲ್ಲಿ ನಿಂತಿದ್ದ ನಲ್ಲಪ್ಪ ಇವನನ್ನು ನೋಡಿದ್ದೇ ಚಪ್ಪಾಳೆ ತಟ್ಟಿದ. "ಏನ್ ಕಂಡಕ್ಟ್ರೇ! ಬೇಗ ಬೇಗ! ಟೈಮಾಯ್ತು, ಟೈಮಾಯ್ತು! ನನ್ನ ಒಂದು ಕಾಲು ಇನ್ನೂ ಕೆಳಗಿದ್ದಾಗ್ಲೇ ರೈಟ್ ಅಂದೋನಲ್ವೇನಯ್ಯಾ ನೀನು?"

"ತಪ್ಪಾಯ್ತು ನಲ್ಲಪ್ಪಣ್ಣ."

"ಅದೆಲ್ಲ ಇರ್ಲಿ, ರಾ ನಾಯನಾ, ಬಾ, ಹಣ್ಣು ತಿನ್ನು. ಸಿಸ್ಟರ್, ನೀವೂ ಬನ್ನಿ."

ಸ್ಪರ್ಧೆಯ ನಡುವೆ ಬದುವಿನ ಮೇಲೆ ಕೂತು ದ್ರಾಕ್ಷಿಯ ಜೊತೆ ಬನ್ನು ತಿಂದ ಮೊದಲ ಕ್ರೀಡಾಪಟು ಬಹುಶಃ ಆವಲಪ್ಪನೇ. ನಲ್ಲಪ್ಪ ಇನ್ನೊಂದು ಗೊಂಚಲು ತರಲು ಒಳಗೆ ಹೋದ. ರತ್ನ ಒಂದೊಂದೇ ಹಣ್ಣು ಬಿಡಿಸುತ್ತ, ಹಣ್ಣಿಗೇ ಹೇಳುವವಳಂತೆ ಹೇಳಿದಳು:

"ಒಂದು ಗಂಟೆ ಬಸ್ಸಿಗೆ ನಮ್ಮಪ್ಪ ಗೌರಿಬಿದನೂರಿಗೆ ಹೊರಟಿದ್ದಾರೆ. ಹುಡುಗನ ಮನೆಯೋರಿಗೆ ಹೂಂ ಅನ್ನೋಕೆ."

ಆವಲಪ್ಪ ಕಚ್ಚಿದ ಬನ್ನನ್ನು ಕೆಳಗಿಟ್ಟ. "ಹುಡುಗ... ಹೆಂಗಿದ್ದಾರೆ?"

"ಒಳ್ಳೆಯೋರೇ. ಬಂದ್ರು, ಕೂತ್ರು, ಉಪ್ಪಿಟ್ಟು ತಿಂದ್ರು, ನಾಲ್ಕು ಸಲ ವಾಚ್ ನೋಡ್ಕೊಂಡು ಎದ್ದು ಹೋದ್ರು. ಹನ್ನೆರಡು ನಿಮಿಷ."

"ನಿಮಗೆ ಇಷ್ಟಾನಾ?"

"ಬೇಡ ಅಪ್ಪ ಅಂದೆ. ಬೇಡ ಅನ್ನೋಕೆ ಒಂದು ಕಾರಣ ಹೇಳಮ್ಮ, ಬಿಟ್ಬಿಡ್ತೀನಿ ಅಂದ್ರು. ಮೂರು ದಿನದಿಂದ ಹುಡುಕ್ತಿದ್ದೀನಿ." ಅವಳು ಈಗ ನೇರ ಅವನ ಕಡೆ ನೋಡಿದಳು. "ಕಾರಣ ಸಿಕ್ಕಿಲ್ಲ."

ಆವಲಪ್ಪನ ಎದೆಯಲ್ಲಿ ಮಾತು ಸ್ಟಾರ್ಟಾಯಿತು. ಆದರೆ ಗೇರು ಬೀಳಲಿಲ್ಲ.

ವಾಪಸ್ಸು ಬರುವಾಗ ನಾಲ್ಕು ಸಲ ಪ್ರಯತ್ನಿಸಿದ. ಮೂರು ವರ್ಷ ಕರೆದ ಹೆಸರು ನಾಲಿಗೆಗೆ ಅಂಟಿಕೊಂಡಿತ್ತು.

"ಸಿಸ್ಟರ್."

"ಹೇಳಿ."

"ಸಿಸ್ಟರ್, ನಿಮ್ಮನ್ನ ನಾನು..."

"ರಾಖಿ ಕಟ್ಲಾ?"

ಸೈಕಲ್ಲು ಚರಂಡಿಗೆ ಇಳಿಯುವುದರಲ್ಲಿತ್ತು.

"ಅಲ್ಲಾ ರೀ, ಮಾತೆತ್ತಿದ್ರೆ ಸಿಸ್ಟರ್ ಸಿಸ್ಟರ್ ಅಂತೀರಿ. ಅದಾದ್ಮೇಲೆ ಇನ್ನೇನು ಹೇಳೋಕಾಗತ್ತೆ? ನನಗೊಂದು ಹೆಸರಿದೆ, ಗೊತ್ತಾ?"

ಗೊತ್ತಿಲ್ಲವೇ! ಟಿಕೆಟ್ ಪುಸ್ತಕದ ರಟ್ಟಿನ ಒಳಗಡೆ ಅದನ್ನು ಎಷ್ಟು ಸಲ ಬರೆದು ಉಜ್ಜಿದ್ದಾನೋ. ಬಾಯಲ್ಲಿ ಮಾತ್ರ ಒಂದು ಸಲವೂ ಬಂದಿಲ್ಲ.

ಸೈಕಲ್ ಒಪ್ಪಿಸಿ, ಕಾಲೇಜು ಮೈದಾನದ ಕಡೆ ಓಡುವ ಭಾಗ ಬಂತು. ಅರ್ಧ ದಾರಿಯಲ್ಲಿ ಲೂನಾದ ಪೆಟ್ರೋಲ್ ಮುಗಿಯಿತು. ಅವಳು ಇಳಿದು ತಳ್ಳಿಕೊಂಡು ಬರತೊಡಗಿದಳು. ಇವನು ಒಂದು ಕೈ ಕೊಟ್ಟ. ಓಟ ನಡಿಗೆಯಾಯಿತು. ಹ್ಯಾಂಡಲಿನ ಮೇಲೆ ಎರಡು ಕೈಗಳು, ನಡುವೆ ಒಂದು ಗೇಣು.

"ಒಂದು ಮಾತು ಕೇಳ್ಲಾ?" ಅಂದಳು ರತ್ನ. "ಲಾಸ್ಟ್ ಬರೋಕೆ ಇಷ್ಟು ಕಷ್ಟಪಟ್ಟೋರನ್ನ ನಾನೆಲ್ಲೂ ನೋಡಿಲ್ಲ. ಯಾಕೆ?"

"ಮೊದ್ಲು ಯಾಕೆ ಅಂತ ಗೊತ್ತಿತ್ತು. ಈಗ ಸುಮ್ನೆ ಚೆನ್ನಾಗಿದೆ. ಇಷ್ಟು ದಿನ ಇಷ್ಟು ಬೇಗ ಎಲ್ಲಿಗೆ ಹೋಗ್ತಿದ್ದೆ ನಾನು ಅನ್ಸುತ್ತೆ."

ಅವಳು ಹ್ಯಾಂಡಲಿನ ಮೇಲೆ ಕೈ ಸರಿಸಿದಳು. ಗೇಣು ಬೆರಳಾಯಿತು.

ಮೈದಾನ ಖಾಲಿಯಾಗಿತ್ತು. ಶಾಮಿಯಾನ ಬಿಚ್ಚುತ್ತಿದ್ದರು. ಸುಣ್ಣದ ಗೆರೆಯ ಪಕ್ಕ, ಕೊಡೆ ಹಿಡಿದು, ಸ್ಟಾಪ್‌ವಾಚಿನ ಜೊತೆ ವೆಂಕಟರವಣಪ್ಪನವರೊಬ್ಬರೇ ಕೂತಿದ್ದರು.

"ಬಾರಯ್ಯಾ, ಬಾ! ಊಟ ಆರಿ ತಣ್ಣಗಾಯ್ತು!"

ಗೆರೆಗೆ ಒಂದು ಹೆಜ್ಜೆ ಇರುವಾಗ ಆವಲಪ್ಪ ನಿಂತುಬಿಟ್ಟ. ದಾಟಿದರೆ ಅವಳ ಡ್ಯೂಟಿ ಮುಗಿಯಿತು. ಅವಳು ಮನೆಗೆ, ಅವರಪ್ಪ ಗೌರಿಬಿದನೂರಿಗೆ, ಇವನು ಬಸ್ಸಿಗೆ.

"ದಾಟೋ ಮಾರಾಯ!" ಮೇಷ್ಟ್ರು ಕೂಗಿದರು.

ಆವಲಪ್ಪ ತಿರುಗಿದ. "ರತ್ನ ಅವ್ರೇ."

ಅವಳ ಕೈ ಲೂನಾದ ಮೇಲೆ ಹಾಗೇ ನಿಂತಿತು. ಅವನ ಬಾಯಿಂದ ತನ್ನ ಹೆಸರು ಹೀಗೆ ಮೆಲ್ಲಗೆ, ಮರ್ಯಾದೆಯಿಂದ ಬರುತ್ತದೆಂದು ಅವಳು ಎಣಿಸಿರಲಿಲ್ಲ.

"ಕಾರಣ ಹುಡುಕ್ತಿದ್ದೀರಲ್ಲ... ಅದು ನಾನಾಗ್ಲಾ?"

ಅವಳ ಕಿವಿಯವರೆಗೂ ಕೆಂಪೇರಿತು. ಮೊದಲು ನೆಲ ನೋಡಿದಳು, ಆಮೇಲೆ ಅವನನ್ನು, ಆಮೇಲೆ ಗಡಿಯಾರವನ್ನು. "ಅಯ್ಯೋ, ಒಂದಕ್ಕೆ ಹತ್ತು ನಿಮಿಷ! ಇನ್ನೂ ನಿಂತಿದ್ದೀರಲ್ರೀ! ಬಸ್ ಸ್ಟ್ಯಾಂಡ್ ಆ ಕಡೆ!"

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಲೂನಾದ ಪೆಡಲು ತುಳಿದಳು. ಅವನು ಹಿಂದಿನಿಂದ ತಳ್ಳುತ್ತ ಓಡಿದ.

"ಏಯ್! ಎಲ್ಲಿಗಯ್ಯಾ? ಗೆರೆ ದಾಟಿ ಹೋಗು! ಟೈಮ್ ಏನಂತ ಬರೀಲಿ?"

"ನನ್ನ ಹೆಸ್ರು ಹೊಡೆದ್ಹಾಕಿ ಸಾರ್!"

ಆ ಮೂವತ್ತೊಂದು ಜನರಲ್ಲಿ ಅವತ್ತು ಅಷ್ಟು ಜೋರಾಗಿ ಓಡಿದವರು ಬೇರೆ ಯಾರೂ ಇರಲಿಲ್ಲ. ನೋಡಿ ಬರೆದುಕೊಳ್ಳುವವರೂ ಇರಲಿಲ್ಲ.

ಗೌರಿಬಿದನೂರು ಬಸ್ಸು ಸ್ಟಾರ್ಟಾಗಿ ನಡುಗುತ್ತಿತ್ತು. ಮೂರನೇ ಕಿಟಕಿಯಲ್ಲಿ ರತ್ನಳ ಅಪ್ಪ ಚೆನ್ನರಾಯಪ್ಪ, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದರು.

"ಅಪ್ಪಾ, ಇಳೀರಿ!"

"ಯಾಕಮ್ಮ? ಏನಾಯ್ತು?"

"ಕಾರಣ ಕೇಳಿದ್ರಲ್ಲ. ಸಿಕ್ತು."

"ಎಲ್ಲಿ?"

ಅವಳು ಪಕ್ಕಕ್ಕೆ ಸರಿದಳು. ಚೆನ್ನರಾಯಪ್ಪ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದರು. ಬೆವರಿಗೆ ಒದ್ದೆಯಾದ ಬನಿಯನ್ನು, ಕಪ್ಪು ಚಡ್ಡಿ, ಮೊಣಕಾಲ ತನಕ ಕೆರೆಯ ಕೆಸರು, ಎದೆಯ ಮೇಲೆ ದ್ರಾಕ್ಷಿಯ ಕಲೆ.

"ಇದಾ?"

"ಹೂಂ ಅಪ್ಪ."

"ಯಾರ ಮಗನಪ್ಪಾ ನೀನು?"

"ಸಾದಲಿ ಮುನಿವೆಂಕಟಪ್ಪನ ಮಗ ಸಾರ್. ಆವಲಪ್ಪ."

"ಓ, ನಮ್ಮ ಮುನಿವೆಂಕಟಪ್ಪ! ಏನೋ ಪಂದ್ಯ ಅಂದ್ರಲ್ಲ, ಗೆದ್ಯಾ?"

"ಇಲ್ಲ ಸಾರ್. ಲಾಸ್ಟಲ್ಲಿದ್ದೆ. ಆಮೇಲೆ... ಮುಗಿಸ್ಲೇ ಇಲ್ಲ."

"ಯಾಕೆ?"

"ನೀವು ಹೊರಟುಬಿಡ್ತೀರಿ ಅಂತ."

ಚೆನ್ನರಾಯಪ್ಪ ಮಗಳ ಮುಖ ನೋಡಿದರು. ಅಲ್ಲಿ ಮೂರು ದಿನದಿಂದ ಕಾಣದಿದ್ದದ್ದು ಏನೋ ಕಂಡಿರಬೇಕು. ಆ ಬಸ್ಸಿನ ಕಂಡಕ್ಟರು ಸೀಟಿ ಊದಿದ. ಬಸ್ಸು ಜರುಗಿತು.

"ಹೋಲ್ಡಾನ್, ಹೋಲ್ಡಾನ್!" ಎನ್ನುತ್ತ ಅವರು ಎದ್ದರು. ಜನರ ಕಾಲು ತುಳಿದು, ಬೈಸಿಕೊಂಡು, ಚೀಲ ಎದೆಗವಚಿಕೊಂಡು ಮೆಟ್ಟಿಲಿಳಿದರು. ಆವಲಪ್ಪನನ್ನು ತಲೆಯಿಂದ ಕಾಲಿನವರೆಗೆ ಇನ್ನೊಮ್ಮೆ ನಿಧಾನವಾಗಿ ನೋಡಿದರು.

"ಮೊದ್ಲು ಹೋಗಿ ಒಂದು ಪ್ಯಾಂಟು ಹಾಕ್ಕೊಂಡು ಬಾರಪ್ಪ," ಅಂದರು. "ನಾವು ಮನೇಲಿ ಕಾಯ್ತಿರ್ತೀವಿ."